ಮೋಟಾರು ಕೆಟ್ಟ ದಿನದ ನ್ಯಾಯ

ಬೆಂಗಳೂರಿನ ಬಹುತೇಕ ಸ್ವಂತ ಮನೆಗಳಲ್ಲಿ ಮನೆಯವರು ಎಂದೂ ಕಾಲಿಡದ ಒಂದು ಕೋಣೆ ಇರುತ್ತದೆ. ಗೇಟಿನ ಒಳಗೆ, ಸ್ಕೂಟರು ನಿಲ್ಲಿಸುವ ಜಾಗದ ಕೆಳಗೆ, ಒಂದು ಕಬ್ಬಿಣದ ಮುಚ್ಚಳದ ಅಡಿಯಲ್ಲಿ. ಅದಕ್ಕೆ ಕಿಟಕಿ ಇಲ್ಲ, ದೀಪ ಇಲ್ಲ. ಮನೆ ಕಟ್ಟುವಾಗ ಈಶಾನ್ಯ ಮೂಲೆಗೆ ಬಂದಿದೆಯೇ ಎಂದು ವಾಸ್ತುವಿನವರನ್ನು ಕೇಳಿದ್ದು ಬಿಟ್ಟರೆ ಆಮೇಲೆ ಅದರ ಬಗ್ಗೆ ಮಾತೂ ಇಲ್ಲ. ಅದೇ ಸಂಪು.

ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಹಾದು, ಮೂರು ಹಂತಗಳಲ್ಲಿ ಪಂಪಾಗಿ, ಹೆಚ್ಚು ಕಡಿಮೆ 500 ಮೀಟರ್ ಮೇಲೇರಿ ಈ ಊರಿಗೆ ಬರುತ್ತದೆ. ಯೋಜನೆಯ ಮೊದಲ ಹಂತ ಶುರುವಾದದ್ದು 1974ರಲ್ಲಿ, ದಿನಕ್ಕೆ 77.5 ಕೋಟಿ ಲೀಟರಿನ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಇಷ್ಟೆಲ್ಲ ಮಾಡುವ ಜಲಮಂಡಳಿಯ ಹೊಣೆ ನಮ್ಮ ಮನೆಯ ಮೀಟರಿನ ಹತ್ತಿರ ಮುಗಿಯುತ್ತದೆ. ಸಂಪಿನಿಂದ ಮಹಡಿಯ ಟ್ಯಾಂಕಿಗೆ ಏರಬೇಕಾದ ಕೊನೆಯ 30–40 ಅಡಿ ನಮ್ಮದು. ಅದಕ್ಕೆ ನಮ್ಮಲ್ಲಿರುವುದು ಒಂದು ಸಣ್ಣ ಮೋಟಾರು. ಅದು ನಿಂತ ದಿನ, ಅಷ್ಟು ಎತ್ತರ ಏರಿ ಬಂದ ನದಿ ನಮ್ಮ ಕಾಲ ಕೆಳಗೇ ಇದ್ದರೂ ಅಡುಗೆಮನೆಯ ನಲ್ಲಿಯಲ್ಲಿ ಹನಿ ನೀರು ಇರುವುದಿಲ್ಲ.

ಆಗ ಒಬ್ಬರಿಗೆ ಫೋನು ಮಾಡುತ್ತೇವೆ. ಅವರ ಹೆಸರು ನಮ್ಮ ಮೊಬೈಲಿನಲ್ಲಿ ಒಂಟಿಯಾಗಿ ಇರುವುದಿಲ್ಲ. ಮುಂದೆ ‘ಪ್ಲಂಬರ್’ ಎಂದೋ ‘ಮೋಟಾರ್’ ಎಂದೋ ಸೇರಿಸಿಟ್ಟಿರುತ್ತೇವೆ. ಎಷ್ಟೋ ಸಲ ಹೆಸರೇ ಇರುವುದಿಲ್ಲ, ಕಸುಬು ಮಾತ್ರ ಇರುತ್ತದೆ. ಅವರು ಬರುವ ತನಕ ಗೇಟಿನ ಕಡೆಗೇ ನೋಡುತ್ತಿರುತ್ತೇವೆ. ಬಂದ ಮೇಲೆ, ವಯಸ್ಸಿನಲ್ಲಿ ನಮಗಿಂತ ಹಿರಿಯರಾಗಿದ್ದರೂ, ‘ನೋಡಪ್ಪಾ, ಏನಾಗಿದೆ’ ಎನ್ನುತ್ತೇವೆ. ಕೆಲಸ ಮುಗಿದ ಕೂಡಲೇ ಚೌಕಾಸಿಗೆ ನಿಲ್ಲುತ್ತೇವೆ. ದಾರಿ ಕಾದದ್ದು, ಏಕವಚನದಲ್ಲಿ ಮಾತಾಡಿಸಿದ್ದು, ಚೌಕಾಸಿ ಮಾಡಿದ್ದು, ಮೂರೂ ಒಂದೇ ಗಂಟೆಯೊಳಗೆ ನಡೆದುಹೋಗುತ್ತವೆ. ಆ ಒಂದು ಗಂಟೆಯಲ್ಲಿ ಯಾರ ಋಣ ಯಾರ ಮೇಲಿದೆ? ಚಿಲ್ಲರೆ ಪ್ರಶ್ನೆಯಂತೆ ಕಾಣುವ ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು ಎನ್ನಿಸುತ್ತದೆ.

ಮೊದಲು ಅವರ ಕೆಲಸವನ್ನೇ ನೋಡೋಣ. ಸ್ವಿಚ್ಚು ಹಾಕಿಸಿ ಅವರು ಕಿವಿಗೊಡುತ್ತಾರೆ. ಮೋಟಾರು ‘ಗುಂಯ್’ ಎಂದು ಸದ್ದು ಮಾಡಿ ತಿರುಗದಿದ್ದರೆ ಕೆಪಾಸಿಟರ್ ಹೋಗಿರಬಹುದು, ಇಲ್ಲವೇ ಬಹಳ ದಿನ ನಿಂತು ಒಳಗಿನ ಚಕ್ರ ಹಿಡಿದುಕೊಂಡಿರಬಹುದು. ತಿರುಗಿಯೂ ನೀರು ಏರದಿದ್ದರೆ ಪೈಪಿನೊಳಗೆ ಗಾಳಿ ಹೊಕ್ಕಿರಬಹುದು, ಅಥವಾ ಸಂಪಿನ ತಳದ ಫುಟ್‌ವಾಲ್ವಿಗೆ ಕಸ ಸಿಕ್ಕಿ ಪೈಪಿನ ನೀರೆಲ್ಲ ರಾತ್ರಿಯಿಡೀ ಕೆಳಗೆ ಸೋರಿರಬಹುದು. ಮೋಟಾರು ನೀರನ್ನು ಎಳೆಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಸಂಪಿನ ಹೊರಗೆ ಕೂತ ಮೋಟಾರು ಮಾಡುವುದು ಪೈಪಿನೊಳಗಿನ ಒತ್ತಡವನ್ನು ಇಳಿಸುವುದು. ನೀರನ್ನು ಅಲ್ಲಿಯ ತನಕ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಆದ್ದರಿಂದಲೇ ಜಾಯಿಂಟಿನಲ್ಲಿ ಒಂದು ಸಣ್ಣ ಬಿರುಕಿದ್ದರೂ ಸಾಕು, ನೀರು ಏರುವುದಿಲ್ಲ. ಸುಟ್ಟ ವಾಸನೆ ಬಂದರೆ ಕಾಯಿಲ್ ಹೋಗಿದೆ, ರಿವೈಂಡಿಂಗ್ ಅಂಗಡಿಗೆ ಒಯ್ಯಬೇಕು. ಕೆಪಾಸಿಟರಿನ ಖರ್ಚು ನೂರರ ಲೆಕ್ಕ, ರಿವೈಂಡಿಂಗಿನದು ಸಾವಿರದ ಲೆಕ್ಕ. ಮನೆಯವರಿಗೆ ಕಾಣುವುದು ಮಾತ್ರ ಒಂದೇ: ನೀರು ಬರುತ್ತಿಲ್ಲ.

ನೈತಿಕ ಪ್ರಶ್ನೆ ಹುಟ್ಟುವುದು ಈ ಜಾಗದಲ್ಲಿ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ತಿರುಗಿಸಿ ನೋಡುತ್ತೇವೆ, ಹುಳುಕಿದ್ದರೆ ಬಿಡುತ್ತೇವೆ. ಇಲ್ಲಿ ಕೊಳ್ಳುತ್ತಿರುವುದು ತಿಳಿವಳಿಕೆಯನ್ನು. ತಿಳಿವಳಿಕೆಯನ್ನು ಪರೀಕ್ಷಿಸಲು ಅದೇ ತಿಳಿವಳಿಕೆ ಬೇಕು; ಅದು ಇದ್ದಿದ್ದರೆ ನಾವು ಫೋನನ್ನೇ ಮಾಡುತ್ತಿರಲಿಲ್ಲ. ಏರ್ ಹಿಡಿದ ಮೋಟಾರಿಗೆ ಕಾಯಿಲ್ ಸುಟ್ಟಿದೆ ಎಂದು ಹೇಳಬಹುದು. ತಾಮ್ರದ ತಂತಿಯ ದುಡ್ಡು ತೆಗೆದುಕೊಂಡು ಅಲ್ಯೂಮಿನಿಯಂ ಸುತ್ತಬಹುದು. ಬಿಚ್ಚಿ ನೋಡುವವರು ಯಾರು? ಇಂಥ ಕಡೆ ಪ್ರಾಮಾಣಿಕತೆಗೆ ಸಾಕ್ಷಿ ಇಲ್ಲ. ‘ಏನಿಲ್ಲ ಸಾರ್, ಏರ್ ಹಿಡಿದಿತ್ತು’ ಎಂದು ಒಂದು ಚೊಂಬು ನೀರು ಹುಯ್ದು, ನಟ್ಟು ಬಿಗಿದು, ಐದು ನಿಮಿಷಕ್ಕೆ ಎದ್ದು ನಿಲ್ಲುವವರು ಸಾವಿರ ರೂಪಾಯಿಯ ಸುಳ್ಳೊಂದನ್ನು ಹೇಳದೆ ಬಿಟ್ಟಿದ್ದಾರೆ. ಅದು ನಮಗೆ ತಿಳಿಯುವುದೇ ಇಲ್ಲ.

ತಿಳಿಯದೆ ನಾವು ಏನು ಮಾಡುತ್ತೇವೆ? ‘ಐದು ನಿಮಿಷದ ಕೆಲಸಕ್ಕೆ ಇಷ್ಟಾ?’ ಎನ್ನುತ್ತೇವೆ. ಅದೇ ವ್ಯಕ್ತಿ ಮೋಟಾರನ್ನು ಪೂರ್ತಿ ಬಿಚ್ಚಿ, ಎರಡು ಗಂಟೆ ಬೆವರು ಸುರಿಸಿ, ಬೇಕಿಲ್ಲದ ಒಂದು ಸಾಮಾನು ಬದಲಿಸಿ, ಹಳೆಯದನ್ನು ನಮ್ಮ ಕೈಗೆ ಕೊಟ್ಟಿದ್ದರೆ ಕೇಳಿದಷ್ಟು ಕೊಟ್ಟು ಕಾಫಿಯನ್ನೂ ಕೊಡುತ್ತಿದ್ದೆವು. ಅಂದರೆ ಸತ್ಯ ಹೇಳಿದವರಿಗೆ ದಂಡ, ನಾಟಕ ಆಡಿದವರಿಗೆ ಬಹುಮಾನ. ಮೋಸದ ಪಾಠಶಾಲೆಯನ್ನು ಹೀಗೆ ನಾವೇ ನಡೆಸಿ, ಆಮೇಲೆ ‘ಈ ಪ್ಲಂಬರುಗಳನ್ನ ನಂಬೋ ಹಾಗಿಲ್ಲ’ ಎಂದು ದೂರುತ್ತೇವೆ.

ನಮ್ಮ ಭಾಷೆಯಲ್ಲೇ ಇದರ ಗುರುತಿದೆ. ವೈದ್ಯರಿಗೆ ಕೊಡುವುದು ಫೀಸು, ಪುರೋಹಿತರಿಗೆ ದಕ್ಷಿಣೆ, ಹಾಡುವವರಿಗೂ ಬರೆಯುವವರಿಗೂ (ಕೊಟ್ಟರೆ) ಸಂಭಾವನೆ. ಪ್ಲಂಬರಿಗೆ ಕೊಡುವುದು ಕೂಲಿ. ಕೂಲಿ ಎಂಬ ಮಾತು ಅಳೆಯುವುದು ಹೊತ್ತನ್ನು, ಬೆವರನ್ನು. ಎರಡು ನಿಮಿಷ ನಾಡಿ ಹಿಡಿದು ಕಾಯಿಲೆ ಹೇಳುವ ವೈದ್ಯರ ಬಗ್ಗೆ ‘ಒಳ್ಳೇ ಕೈಗುಣ’ ಎನ್ನುತ್ತೇವೆ. ಎರಡು ನಿಮಿಷ ಸದ್ದು ಕೇಳಿ ಮೋಟಾರಿನ ಕಾಯಿಲೆ ಹೇಳುವವರ ಬಗ್ಗೆ ‘ಸುಮ್ಮನೆ ಬಂದು ದುಡ್ಡು ಹೊಡ್ಕೊಂಡು ಹೋದ’ ಎನ್ನುತ್ತೇವೆ. ಇಬ್ಬರೂ ಮಾಡಿದ್ದು ಕಾಣದ ದೋಷವನ್ನು ಲಕ್ಷಣದಿಂದ ಹಿಡಿಯುವ ಕೆಲಸವನ್ನೇ.

ಹಾಗೆಂದು ಬಾಯಿ ಮುಚ್ಚಿಕೊಂಡು ಕೇಳಿದಷ್ಟು ಕೊಡಬೇಕೆಂದಲ್ಲ. ಮೋಸ ಮಾಡುವವರು ಇದ್ದೇ ಇದ್ದಾರೆ. ನೀರಿಲ್ಲದ ಮನೆಯ ಅಸಹಾಯಕತೆ ನೋಡಿ ಬೆಲೆ ಏರಿಸುವುದೂ ಹೊಸದೇನಲ್ಲ. 2024ರ ಬರಗಾಲದ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಗಿ ಬಂತು. ಆದರೆ ನೀರಿಗೆ ಲೀಟರಿನ ಮೇಲೆ, ದೂರದ ಮೇಲೆ ದರ ಕಟ್ಟಬಹುದು. ಕಿವಿಯ ತಿಳಿವಳಿಕೆಗೆ ಹಾಗೆ ಕಟ್ಟಲಾಗದು. ಆದ್ದರಿಂದ ಬರುವುದಕ್ಕೆ ಎಷ್ಟು, ಸಾಮಾನಿಗೆ ಎಷ್ಟು, ಕೆಲಸಕ್ಕೆ ಎಷ್ಟು ಎಂದು ಮೊದಲೇ ಕೇಳುವುದು ಸರಿ. ಅದರಲ್ಲಿ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಕೆಲಸ ಮುಗಿದು ನೀರು ಬಂದ ಮೇಲೆ ಬೆಲೆ ಇಳಿಸಲು ನಿಲ್ಲುವುದು ಬೇರೆ ಮಾತು. ಆಗ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕೊಟ್ಟದ್ದನ್ನು ಮರಳಿ ಪಡೆಯಲಾಗದವರ ಜೊತೆ ಮಾಡುವ ಚೌಕಾಸಿ ಅದು.

ಈಗ ಆ್ಯಪ್‌ಗಳಿವೆ. ದರ ಮೊದಲೇ ಗೊತ್ತು, ರಸೀದಿ ಉಂಟು, ದೂರು ಕೊಡಲು ಜಾಗ ಉಂಟು. ಇವು ಸಣ್ಣ ಅನುಕೂಲಗಳಲ್ಲ. ಆದರೆ ಕೆಲಸ ಮುಗಿದ ಮೇಲೆ ಅದು ನಮ್ಮನ್ನು ನಕ್ಷತ್ರ ಕೊಡಲು ಕೇಳುತ್ತದೆ. ಕೆಲಸ ಅರ್ಥವಾಗದವರು ಕೊಡುವ ಅಂಕ ಅದು. ನಗುಮುಖಕ್ಕೆ ಬಿದ್ದ ಅಂಕವೋ ಬಿಗಿದ ಜಾಯಿಂಟಿಗೆ ಬಿದ್ದ ಅಂಕವೋ ಯಾರಿಗೂ ಗೊತ್ತಿಲ್ಲ. ಬೀದಿಯ ಕೊನೆಯ ಹಾರ್ಡ್‌ವೇರ್ ಅಂಗಡಿಯ ಮುಂದೆ ಸಿಗುವವರ ಹತ್ತಿರ ಬೇರೊಂದು ಇದೆ: ನಮ್ಮ ಮನೆಯ ನೆನಪು. ಗೋಡೆಯೊಳಗೆ ಪೈಪು ಎಲ್ಲಿ ತಿರುಗಿದೆ, ಹಿಂದಿನ ಸಲ ಯಾವ ವಾಲ್ವು ಹಾಕಿತ್ತು, ಬೋರ್‌ವೆಲ್ ಲೈನು ಎಲ್ಲಿ ಸೇರುತ್ತದೆ ಎಂಬುದರ ನಕ್ಷೆ ಎಷ್ಟೋ ಮನೆಗಳಲ್ಲಿ ಇಲ್ಲ. ಅವರ ತಲೆಯಲ್ಲಿ ಇದೆ. ಜೊತೆಗೆ, ನಾಳೆ ಟೀ ಅಂಗಡಿಯಲ್ಲಿ ನಮಗೆ ಮುಖ ಕೊಡಬೇಕು ಎಂಬ ಹಂಗು ಅವರಿಗಿದೆ. ಅದೇ ಹಂಗು ನಮಗೂ ಇದೆ.

‘ಲೋಕಲ್’ ಎಂದರೆ ಇಲ್ಲಿ ಹುಟ್ಟಿದವರು ಎಂದೇನೂ ಅಲ್ಲ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯಿಂದ ದೇಶದ ಊರೂರಿಗೆ ಪ್ಲಂಬರುಗಳು ಹೋಗಿ ನೆಲೆಸಿದ್ದಾರೆ. ಅಲ್ಲಿಂದ ಬಂದು ಹತ್ತು ವರ್ಷದಿಂದ ಇದೇ ಬೀದಿಯಲ್ಲಿ ಕೆಲಸ ಮಾಡುವವರು, ಇಲ್ಲೇ ಹುಟ್ಟಿ ಫೋನು ಎತ್ತದವರಿಗಿಂತ ನಮ್ಮ ಊರಿನವರು. ಮಾಡಿದ ಕೆಲಸ ಕೆಟ್ಟಾಗ ಕರೆದರೆ ಮತ್ತೆ ಬರುವವರೇ ಊರಿನವರು.

ಹಳೆಯ ಹಳ್ಳಿಗಳಲ್ಲಿ ಈ ಸಂಬಂಧಕ್ಕೆ ಒಂದು ರೂಪವಿತ್ತು. ಕೆರೆಯ ತೂಬು ಎತ್ತಿ, ಗದ್ದೆಗದ್ದೆಗೆ ನೀರು ಹಂಚುವ ನೀರಗಂಟಿ ಆಯಗಾರರಲ್ಲಿ ಒಬ್ಬ. ಅವನಿಗೆ ಒಂದೊಂದು ಕೆಲಸಕ್ಕೆ ಇಷ್ಟು ಎಂದು ಲೆಕ್ಕವಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಪಾಲು ಬರುತ್ತಿತ್ತು. ನೀರು ಕೆಟ್ಟಾಗ ಮಾತ್ರ ನೆನಪಾಗುವವನಾಗಿರಲಿಲ್ಲ ಅವನು, ನೀರು ಸರಿಯಿದ್ದಾಗಲೂ ಪಾಲುದಾರ. ಆದರೆ ಇದನ್ನು ಹಾಡಿ ಹೊಗಳುವಂತಿಲ್ಲ. ಆ ಕೆಲಸ ಹುಟ್ಟಿನಿಂದ ಅಂಟಿಕೊಳ್ಳುತ್ತಿತ್ತು, ಊರಿಗೆಲ್ಲ ನೀರು ಹಂಚುವ ಕೈ ಎಷ್ಟೋ ಊರುಗಳಲ್ಲಿ ದಲಿತರ ಕೈಯಾಗಿದ್ದು, ಅದೇ ಊರಿನ ಬಾವಿಯನ್ನು ಮುಟ್ಟುವಂತಿರಲಿಲ್ಲ. ನಾವು ಆ ಕಟ್ಟನ್ನು ಬಿಟ್ಟದ್ದು ಒಳ್ಳೆಯದಾಯಿತು. ಅದರೊಂದಿಗೆ ವರ್ಷವಿಡೀ ಇದ್ದ ಹೊಣೆಯನ್ನೂ ಬಿಟ್ಟೆವು. ಆದರೆ ಬಿಡಬೇಕಾಗಿದ್ದ ಒಂದನ್ನು ಬಿಡಲಿಲ್ಲ: ಕೆಳಗೆ ಇಳಿಯುವ ದೇಹ ಯಾರದೋ ಆಗಿರಬೇಕು, ನಮ್ಮದಾಗಿರಬಾರದು ಎಂಬ ಅಭ್ಯಾಸ.

ಸಂಪು ತೊಳೆಯಲು, ಫುಟ್‌ವಾಲ್ವು ಬದಲಿಸಲು ಒಬ್ಬರು ಕೆಳಗೆ ಇಳಿಯುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಶೇ. 19.5ಕ್ಕಿಂತ ಕಡಿಮೆಯಾದ ಜಾಗಕ್ಕೆ ಹಾಗೇ ಇಳಿಯಬಾರದು ಎಂಬುದು ಸುರಕ್ಷತೆಯ ನಿಯಮ. ಬಹಳ ಕಾಲ ಮುಚ್ಚಿಟ್ಟ ಗುಂಡಿಯಲ್ಲಿ ಕೊಳೆಯುವ ಕೆಸರು, ತುಕ್ಕು ಹಿಡಿಯುವ ಕಬ್ಬಿಣ, ಹೊಸ ಮನೆಯಾದರೆ ಒದ್ದೆಯಾಗಿ ಉಳಿದ ಸೆಂಟ್ರಿಂಗ್ ಹಲಗೆ, ಎಲ್ಲವೂ ಆಮ್ಲಜನಕವನ್ನು ತಿನ್ನುತ್ತವೆ. ಅದು ಕಡಿಮೆಯಾದದ್ದಕ್ಕೆ ವಾಸನೆಯಿಲ್ಲ, ಕೆಮ್ಮಿಲ್ಲ. ಇಳಿದವರ ಪ್ರಜ್ಞೆ ತಪ್ಪುತ್ತದೆ, ಅಷ್ಟೆ. ಅವರನ್ನು ಎತ್ತಲು ಧಾವಿಸಿ ಇಳಿದ ಎರಡನೆಯವರೂ ಅಲ್ಲೇ ಬೀಳುತ್ತಾರೆ. ಇದಲ್ಲದೆ ಕರೆಂಟಿನ ಭಯ: ನೀರಿನಲ್ಲಿ ಸಬ್‌ಮರ್ಸಿಬಲ್ಲಿನ ಸೀಳಿದ ವೈರು, ಮೇಲೆ ಮನೆಯೊಳಗೆ ‘ನೀರು ಬಂತಾ ನೋಡೋಣ’ ಎಂದು ಸ್ವಿಚ್ಚು ಒತ್ತುವ ಒಂದು ಬೆರಳು.

ಇಲ್ಲಿ ತಕ್ಕಡಿ ತಿರುಗುತ್ತದೆ. ಮುಚ್ಚಳ ತೆರೆಯುವ ತನಕ ನಾವು ಅವರ ಕೈಯಲ್ಲಿದ್ದೆವು; ತಿಳಿದದ್ದು ಅವರಿಗೆ, ತಿಳಿಯದವರು ನಾವು. ಅವರು ಒಳಗೆ ಇಳಿದ ಮೇಲೆ ನಮ್ಮ ಕೈಯಲ್ಲಿದ್ದಾರೆ. ನಾವು ಅವರ ಪ್ರಾಮಾಣಿಕತೆಯನ್ನು ಪರೀಕ್ಷಿಸಲಾಗದ ಹಾಗೆಯೇ ಅವರು ಕತ್ತಲಲ್ಲಿ ನಿಂತು ನಮ್ಮ ಎಚ್ಚರವನ್ನು ಪರೀಕ್ಷಿಸಲಾರರು. ನಾವು ಅವರಿಂದ ಬಯಸುವ ಸಾಕ್ಷಿಯಿಲ್ಲದ ಪ್ರಾಮಾಣಿಕತೆಯನ್ನೇ ಅವರೂ ನಮ್ಮಿಂದ ಬಯಸುತ್ತಾರೆ.

ಕೈಯಿಂದ ಮಲ ಬಳಿಯುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಮಲಗುಂಡಿ, ಒಳಚರಂಡಿಗಳಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದನ್ನು ಅಪರಾಧವೆಂದಿತು. ಕುಡಿಯುವ ನೀರಿನ ಸಂಪು ಆ ಕಾಯ್ದೆಯ ಮಾತಿನೊಳಗೆ ಬರುವುದಿಲ್ಲ. ಕಾಯ್ದೆ ನಿಲ್ಲುವ ಕಡೆ ನೀತಿ ಶುರುವಾಗಬೇಕು. ‘ಏನಾಗಲ್ಲ ಸಾರ್, ದಿನಾ ಇಳಿತೀವಿ’ ಎಂದು ಅವರೇ ಹೇಳುತ್ತಾರಲ್ಲ ಎನ್ನಬಹುದು. ನಾಳೆಯ ಕೆಲಸ ನಮ್ಮ ಮಾತಿನ ಮೇಲೆ ನಿಂತಿರುವವರು ಒಲ್ಲೆ ಎನ್ನುವುದು ಸುಲಭವಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯೂ ತಾನೇ ನಡೆದು ಹೋದಳು. ಹಿರಿಯ ಸೊಸೆಯನ್ನು ಕೊಡಲಾಗದು ಎಂದು ಮನೆಯವರು ಎಣಿಸಿದ ಮೇಲೆ, ಕಿರಿಯವಳ ಒಪ್ಪಿಗೆಗೆ ಏನು ಬೆಲೆ? ಆ ಕಥನಗೀತೆಯನ್ನು ತರಗತಿಯಲ್ಲಿ ಹಿಂದಿನ ಕಾಲದ ಕ್ರೌರ್ಯವೆಂದು ಓದಿ ಮರುಗುತ್ತೇವೆ. ನೀರಿಗಾಗಿ ಯಾರ ಜೀವವನ್ನು ಪಣಕ್ಕೆ ಇಡಬಹುದು ಎಂಬ ಆ ಮನೆಯ ಲೆಕ್ಕ ಮಾತ್ರ ನಮ್ಮ ಗೇಟುಗಳ ಒಳಗೆ, ಯಾರೂ ಬಾಯಿ ಬಿಟ್ಟು ಹೇಳದೆ, ಈಗಲೂ ನಡೆಯುತ್ತದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮೇಲಿನಿಂದಲೇ ಯಂತ್ರದಲ್ಲಿ ತೊಳೆಯಬಹುದಾದರೆ ಯಾರನ್ನೂ ಇಳಿಸಬಾರದು, ಅದರ ಹೆಚ್ಚಿನ ಖರ್ಚು ನಮ್ಮದು. ಮುಚ್ಚಳ ತೆರೆದಿಟ್ಟ ಮಾತ್ರಕ್ಕೆ ಒಳಗಿನ ಗಾಳಿ ಸರಿಯಾಯಿತು ಎಂದು ನಂಬಬಾರದು. ಬ್ಲೋವರ್ ಇಟ್ಟು ಗಾಳಿ ಹಾಯಿಸಿ, ಅಳೆಯುವ ಸಾಧನದಿಂದ ನೋಡಿದ ಮೇಲೆಯೇ ಇಳಿಯಬೇಕು. ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಒಬ್ಬರು ಕದಲದೆ ನಿಂತಿರಬೇಕು. ಏನಾದರೂ ಆದರೆ ಇನ್ನೊಬ್ಬರು ಧುಮುಕದೆ ಅಗ್ನಿಶಾಮಕ ದಳವನ್ನು ಕರೆಯಬೇಕು. ಮತ್ತು ಮೋಟಾರಿನ ಲೈನಿನ ಫ್ಯೂಸು ಕಿತ್ತು, ಅದನ್ನು ಇಳಿಯುವವರ ಜೇಬಿಗೇ ಕೊಡಬೇಕು. ಹಳೆಯ ಲೈನ್‌ಮನ್‌ಗಳು ಅದನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಫ್ಯೂಸು ಅವರ ಜೇಬಿನಲ್ಲಿದ್ದರೆ ಅವರು ಮೇಲೆ ಬರುವ ತನಕ ಆ ಮನೆಯ ಯಾವ ಬೆರಳೂ ಆ ಮೋಟಾರನ್ನು ಓಡಿಸಲಾರದು. ಸಾಕ್ಷಿಯಿಲ್ಲದೆ ನಮ್ಮನ್ನು ನಂಬಬೇಕಾದ ಕಷ್ಟವನ್ನು ಅವರಿಗೆ ಅಷ್ಟಾದರೂ ಕಡಿಮೆ ಮಾಡಬಹುದು. ದುಡ್ಡಿನ ಮಾತು, ಬಹುವಚನದ ಮಾತು, ಮೊಬೈಲಿನಲ್ಲಿ ಹೆಸರು ಸರಿಯಾಗಿ ಬರೆದುಕೊಳ್ಳುವ ಮಾತು, ಇವೆಲ್ಲ ಅದರ ನಂತರ.