ನಾಳೆ ಇಲ್ಲದ ಅಂಗಡಿ

ನನ್ನ ಅಣ್ಣನ ಮಗಳು ಕೊರಿಯದ ಸೋಲ್ ನಗರದಲ್ಲಿ ಓದುತ್ತಿದ್ದಳು. 2023ರ ಕೊನೆಗೆ ಆಕೆ ರಜೆಯಲ್ಲಿ ಚಳ್ಳಕೆರೆಗೆ ಬಂದಾಗ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ಹೋಗಿ ನಾಲ್ಕು ದಿನ ಅಣ್ಣನ ಮನೆಯಲ್ಲಿದ್ದೆವು. ಒಂದು ಸಂಜೆ ಆಕೆ ತನ್ನ ಫೋನಿನಲ್ಲಿ ಚಿತ್ರಗಳನ್ನು ತೋರಿಸುತ್ತ ಸೊಂಗ್ಸು ಎಂಬ ಬಡಾವಣೆಯ ಕಥೆ ಹೇಳಿದಳು. ಅಲ್ಲಿ ಪಾಪ್-ಅಪ್ ಎಂಬ ಅಂಗಡಿಗಳುಂಟಂತೆ. ಕೆಲವು ಮೂರು ದಿನ ಇರುತ್ತವೆ, ಕೆಲವು ಹದಿನೈದು ದಿನ. ಎರಡು ತಿಂಗಳು ಇದ್ದರೆ ಅದೇ ದೀರ್ಘಾಯುಸ್ಸು. ಈ ವಾರ ಸುಗಂಧದ ಅಂಗಡಿಯಾಗಿದ್ದ ಜಾಗ ಮರುವಾರ ಬಿಸ್ಕತ್ತಿನ ಅಂಗಡಿ, ಅದರಾಚೆಯ ವಾರ ಯಾವುದೋ ಗಾಯಕರ ತಂಡದ ಪ್ರದರ್ಶನ. ಒಳಗೆ ಹೋಗಲು ಗಂಟೆಗಟ್ಟಲೆ ಸಾಲು. ಹೋದವರೆಲ್ಲ ಕೊಳ್ಳುತ್ತಾರೆಂದೂ ಇಲ್ಲ. ಅಲಂಕಾರದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಪುಕ್ಕಟೆ ಕೊಟ್ಟ ಚೀಲವನ್ನೋ ಪುಟ್ಟ ಸೀಸೆಯನ್ನೋ ಹಿಡಿದು ಈಚೆಗೆ ಬರುತ್ತಾರೆ.

“ಅಷ್ಟು ಹೊತ್ತು ನಿಂತು ಏನು ತಗೊಂಡೆಯೇ?” ಎಂದರು ಅತ್ತಿಗೆ.

“ಏನೂ ಇಲ್ಲಮ್ಮ, ನೋಡ್ಕೊಂಡು ಬಂದೆ.”

ಅಣ್ಣ ನಕ್ಕ. “ಇದಕ್ಕೆ ಕೊರಿಯಾ ತನಕ ಯಾಕೆ ಹೋಗ್ಬೇಕಿತ್ತು? ನಮ್ಮ ಹಟ್ಟಿ ಜಾತ್ರೇಲಿ ಎಲ್ಲರೂ ಮಾಡೋದು ಇದೇ ಅಲ್ಲವಾ!”

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನಗು ಅರ್ಧಕ್ಕೇ ನಿಂತಿತು. ಆ ವರ್ಷದ ಹಟ್ಟಿ ಜಾತ್ರೆಯ ಮುನ್ನೂರು ರೂಪಾಯಿ ನೆನಪಿಗೆ ಬಂದಿತ್ತು.

ಹಟ್ಟಿಯೆಂದರೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ. ಗುರು ತಿಪ್ಪೇರುದ್ರಸ್ವಾಮಿಯ ಕ್ಷೇತ್ರ. ಕೆರೆಗಳನ್ನು ಕಟ್ಟಿಸಿದ ಮಹಾಪುರುಷನೆಂದು ಆ ಸೀಮೆಯ ಜನ ಇಂದಿಗೂ ಅವರನ್ನು ನೆನೆಯುತ್ತಾರೆ; ಮಳೆ ಕಡಿಮೆಯ ನಾಡಿನಲ್ಲಿ ಇದಕ್ಕಿಂತ ದೊಡ್ಡ ಪವಾಡ ಬೇಕಾಗಿಯೂ ಇಲ್ಲ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಅವರ ಹೆಸರಿನೊಡನೆ ಅಂಟಿಕೊಂಡಿದೆ. ಫಾಲ್ಗುಣ ಮಾಸದಲ್ಲಿ ತೇರು. ಹರಕೆ ಹೊತ್ತವರು ಒಣಕೊಬ್ಬರಿಯನ್ನು ಬೆಂಕಿಗೆ ಹಾಕಿ ಸುಡುತ್ತಾರೆ. ಆ ಕಮಟು ಹೊಗೆಯ ವಾಸನೆ ಬಟ್ಟೆಯಲ್ಲಿ ಎರಡು ದಿನ ಉಳಿಯುತ್ತದೆ. ತೇರಿನ ದಿನಗಳಲ್ಲಿ ಬಯಲೆಂಬುದೇ ಪೇಟೆಯಾಗಿಬಿಡುತ್ತದೆ. ಗಳ ನೆಟ್ಟು, ತಗಡು ಕಟ್ಟಿ, ಬೆಂಡು ಬತ್ತಾಸು, ಮಂಡಕ್ಕಿ, ಪಾತ್ರೆ, ಕಂಬಳಿ, ಪೀಪಿ, ಬಳೆ, ಮಿಣುಕುವ ದೀಪದ ಗೊಂಬೆ ಎಲ್ಲವನ್ನೂ ಹರಡಿಕೊಂಡು ಕೂರುತ್ತಾರೆ. ಹದಿನೈದು ದಿನ ಕಳೆದು ಹೋಗಿ ನೋಡಿದರೆ ಗಳ ಕಿತ್ತ ಕುಳಿಗಳು ಮಾತ್ರ.

ಆ ಜಾತ್ರೆಯಲ್ಲಿ ನನ್ನ ಹೆಂಡತಿ ಒಂದು ಅಂಗಡಿಯಲ್ಲಿ ಬಳೆ ತೊಟ್ಟಳು. ನೂರ ಎಂಬತ್ತು ರೂಪಾಯಿ. ಫೋನಿನ ಮೂಲಕ ಹಣ ಕಳಿಸೋಣವೆಂದರೆ ಆ ಜನಜಂಗುಳಿಯಲ್ಲಿ ಸಿಗ್ನಲ್ಲೇ ಇಲ್ಲ. ಇನ್ನೂರರ ನೋಟು ಕೊಟ್ಟೆ. ಬಳೆ ತೊಡಿಸುತ್ತಿದ್ದಾಕೆಯ ಪಕ್ಕದಲ್ಲಿ ಹದಿನಾರು ಹದಿನೇಳರ ಹುಡುಗನೊಬ್ಬ ಐದಾರು ಕೈಗಳಿಂದ ಒಮ್ಮೆಗೇ ನೋಟು ಇಸಿದುಕೊಳ್ಳುತ್ತಿದ್ದ. ಅವನು ಕೊಟ್ಟ ಚಿಲ್ಲರೆಯನ್ನು ನೋಡದೆ ಜೇಬಿಗಿಳಿಸಿದೆ. ಬಸ್ಸಿನಲ್ಲಿ ಟಿಕೆಟ್ಟಿಗೆಂದು ತೆಗೆದರೆ ಇಪ್ಪತ್ತು ಇರಬೇಕಾದಲ್ಲಿ ಮುನ್ನೂರ ಇಪ್ಪತ್ತು ಇದೆ. ನನ್ನ ನೋಟನ್ನು ಹುಡುಗ ಐನೂರರದೆಂದು ತಿಳಿದಿದ್ದ.

ಬಸ್ಸಿನಿಂದ ಇಳಿಯಬಹುದಾಗಿತ್ತು, ಇಳಿಯಲಿಲ್ಲ. ಮರುದಿನ ಬೆಳಗ್ಗೆ ಹಟ್ಟಿಗೆ ಹೋಗಿ ಬರಬಹುದಾಗಿತ್ತು. ಚಳ್ಳಕೆರೆಯಿಂದ ಅದೇನು ದೂರದ ಪ್ರಯಾಣವಲ್ಲ. “ಇಷ್ಟರಲ್ಲಿ ಅಂಗಡಿ ಕಿತ್ತುಕೊಂಡು ಹೋಗಿರುತ್ತಾರೆ” ಎಂದು ಹೆಂಡತಿಗೆ ಹೇಳಿದೆ. ತೇರು ಎಳೆದ ಮರುದಿನವೇ ಯಾರೂ ಬಳೆಯಂಗಡಿ ಕೀಳುವುದಿಲ್ಲವೆಂಬುದು ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದ ನನಗೆ ತಿಳಿಯದ ವಿಷಯವೇ? ಅವಳು ಏನೂ ಹೇಳಲಿಲ್ಲ. ಹತ್ತು ಗಂಟೆಯ ಬಸ್ಸಿಗೆ ಬೆಂಗಳೂರಿಗೆ ಹೊರಟೆವು.

ಇದು ದೊಡ್ಡ ಪಾಪವೇನಲ್ಲ. ವಾಚಕರಲ್ಲಿ ಹಲವರು ಇದಕ್ಕಿಂತ ದೊಡ್ಡದನ್ನು ಮಾಡಿ ನಿಶ್ಚಿಂತೆಯಿಂದ ಇರಬಹುದು. ನನ್ನನ್ನು ಕಾಡಿದ್ದು ಮುನ್ನೂರರ ಮೊತ್ತವಲ್ಲ. ಬೆಂಗಳೂರಿನಲ್ಲಿ ನಮ್ಮ ಬೀದಿಯ ಕೊನೆಗೊಂದು ದಿನಸಿ ಅಂಗಡಿಯುಂಟು. ಅಲ್ಲಿ ಹತ್ತು ರೂಪಾಯಿ ಹೆಚ್ಚು ಬಂದರೂ ನಾನು ಅರ್ಧ ದಾರಿಯಿಂದ ತಿರುಗಿ ಹೋಗಿ ಕೊಟ್ಟು ಬಂದಿದ್ದೇನೆ. ಕೊಟ್ಟು ಬರುವಾಗ ಎದೆಯಲ್ಲಿ ಸಣ್ಣದೊಂದು ಹಿಗ್ಗೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಹಾಗಾದರೆ ಹಟ್ಟಿಯಲ್ಲಿ ಏನಾಯಿತು? ದಿನಸಿಯವನ ಬಾಗಿಲ ಮುಂದೆ ನಾನು ದಿನಕ್ಕೆ ಎರಡು ಸಲ ಹಾಯಬೇಕು. ಬಳೆಗಾರತಿಯ ಮುಖವನ್ನು ಮತ್ತೆ ನೋಡಬೇಕಾಗಿಲ್ಲ. ಐವತ್ತು ವರ್ಷ ನನ್ನದೆಂದು ತಿಳಿದಿದ್ದ ಪ್ರಾಮಾಣಿಕತೆ ನನ್ನೊಳಗೆ ಇರಲೇ ಇಲ್ಲವೇನೋ, ದಿನಸಿಯವನ ಹೊಸ್ತಿಲಲ್ಲಿ ಕುಳಿತಿತ್ತೇನೋ ಎಂಬ ಸಂಶಯ ಹುಟ್ಟಿತು.

ಅಣ್ಣನ ಮಗಳ ಮಾತು ಈ ಸಂಶಯವನ್ನು ಮತ್ತೆ ಕೆದಕಿತು. ಆಕೆಯನ್ನು ಬಿಡದೆ ಪ್ರಶ್ನೆ ಕೇಳಿದೆ. ಸೊಂಗ್ಸು ಹಿಂದೆ ಕಾರ್ಖಾನೆಗಳ ಕೇರಿ. ಪಾದರಕ್ಷೆ ಹೊಲಿಯುವವರು, ಚರ್ಮದ ವ್ಯಾಪಾರಿಗಳು, ಮುದ್ರಣಾಲಯಗಳು. ಕೆಂಪು ಇಟ್ಟಿಗೆಯ ಕಟ್ಟಡಗಳು. ಅಕ್ಕಿಯ ಗಿರಣಿಯಾಗಿ ಆಮೇಲೆ ಉಗ್ರಾಣವಾಗಿದ್ದ ಒಂದು ಕಟ್ಟಡ ಕಾಫಿ ಅಂಗಡಿಯಾಯಿತು. ಅದನ್ನು ನೋಡಿ ಉಳಿದವರೂ ಹಿಂಬಾಲಿಸಿದರು. ಬಾಡಿಗೆ ಏರಿ ಹಳಬರು ಜಾಗ ಬಿಡಬೇಕಾದ ಸ್ಥಿತಿ ಬಂದಾಗ ಅಲ್ಲಿನ ಸ್ಥಳೀಯ ಆಡಳಿತ 2015ರಲ್ಲಿ ಅದನ್ನು ತಡೆಯಲೆಂದೇ ಒಂದು ನಿಯಮ ಮಾಡಿತು. ಇದನ್ನೆಲ್ಲ ಕೇಳುತ್ತ ಅಣ್ಣ ಕಿಟಕಿಯಾಚೆ ನೋಡುತ್ತಿದ್ದ. ಎಣ್ಣೆ ಗಿರಣಿಗಳಲ್ಲಿ ಮುಂಬಯಿಯನ್ನು ಬಿಟ್ಟರೆ ಚಳ್ಳಕೆರೆಯೇ ಎನ್ನುವ ಹೆಮ್ಮೆಯ ಕಾಲದಲ್ಲಿ ಅವನು ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಶೇಂಗಾ ಸೋತಿತು, ಹೊರದೇಶದ ಅಗ್ಗದ ಎಣ್ಣೆ ಬಂತು, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ಗಾಯಕರ ತಂಡವೊಂದು ಪ್ರದರ್ಶನ ಹೂಡಲು ಇನ್ನೂ ಯಾರೂ ಬಂದಿಲ್ಲ.

ಸೊಂಗ್ಸುವಿನ ಅಂಗಡಿಗೂ ಹಟ್ಟಿಯ ಅಂಗಡಿಗೂ ಭೇದವಿದೆ ಎಂದು ನಾನು ವಾದಿಸಿದೆ. ಹಟ್ಟಿಯ ಅಂಗಡಿ ಹೋಗುತ್ತದೆ, ಆದರೆ ಮತ್ತೆ ಬರುತ್ತದೆ. ಮೈಲಾರ, ಕೊಟ್ಟೂರು, ಆಮೇಲೆ ಹಟ್ಟಿ ಎಂದು ತೇರಿನ ಹಿಂದೆ ತೇರಿಗೆ ನಡೆಯುವವರ ದಾರಿ ಪಂಚಾಂಗದಲ್ಲೇ ಬರೆದಿದೆ. ಜಾತ್ರೆ ಹೋಗುವುದು ಋತು ಹೋದ ಹಾಗೆ. ಆ ದೊಡ್ಡ ಕಂಪನಿಗಳ ಅಂಗಡಿಯಾದರೋ ಹೋಗುವುದಕ್ಕೆಂದೇ ಬರುತ್ತದೆ. ‘ಭಾನುವಾರದ ಮೇಲೆ ಸಿಗದು’ ಎಂಬ ಅವಸರವನ್ನೇ ಅದು ಮಾರುತ್ತದೆ. ಬಂದವರ ಹೆಸರು, ವಿಳಾಸ ಬರೆಸಿಕೊಂಡು ಸಣ್ಣ ಸೀಸೆ ಕೊಡುವ ಅಂಗಡಿಯಲ್ಲಿ ವ್ಯಾಪಾರಿ ಯಾರು, ಸರಕು ಯಾವುದು?

ಹುಡುಗಿ ಸುಮ್ಮನೆ ಕೇಳಿ, “ಆದರೆ ಚಿಕ್ಕಪ್ಪ, ಅಂಗಡಿ ಹೋದರೂ ಕಂಪನಿ ಅಲ್ಲೇ ಇರುತ್ತಲ್ಲ. ಸೀಸೆ ಒಡೆದಿದ್ದರೆ ಮಾರನೇ ದಿನ ಅವರಿಗೆ ಬರೆದು ಬದಲಾಯಿಸ್ಕೋಬಹುದು. ಜಾತ್ರೇಲಿ ಬಳೆ ಒಡೆದರೆ ಯಾರಿಗೆ ಬರೀತೀರಿ?” ಎಂದಳು. ನನ್ನ ವಾದ ಅಲ್ಲಿಗೆ ಕುಂಟಿತು. ಬಳೆಯಂಗಡಿಯ ಹೆಸರೂ ನನಗೆ ತಿಳಿಯದು. ನಾನು ಜಾತ್ರೆಯನ್ನು ಹೊಗಳುತ್ತಿದ್ದದ್ದು ನನ್ನದೇ ಕಿಸೆಯನ್ನು ಮರೆಮಾಡುವುದಕ್ಕೋ ಏನೋ.

ಮರುದಿನ ಎಲ್ಲರೂ ಮೊಳಕಾಲ್ಮೂರಿಗೆ ಹೋದೆವು. ಹುಡುಗಿ ತನ್ನ ಗುರುಗಳೊಬ್ಬರಿಗೆ ಸೀರೆ ಒಯ್ಯಬೇಕಾಗಿತ್ತು. ನೇಕಾರರ ಮನೆಯಲ್ಲಿ ಮಗ್ಗವೇ ಮುಖ್ಯ, ಮನುಷ್ಯರು ಅದರ ಸುತ್ತ ಸಿಕ್ಕ ಜಾಗದಲ್ಲಿ ಬದುಕುತ್ತಾರೆ. ನೆಲದಲ್ಲಿ ತೋಡಿದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತು ಒಡಲಿಗೊಂದು, ಎರಡು ಅಂಚಿಗೆ ಎರಡು ಎಂದು ಮೂರು ಲಾಳಿಯಲ್ಲಿ ನೇಯುವ ಕೆಲಸ. ಅಂಚಿನ ಬಣ್ಣ ಒಡಲಿನ ಬಣ್ಣಕ್ಕೆ ಕೂಡುವ ಗೆರೆಯನ್ನು ಬೆರಳಿನಿಂದ ಸವರಿ ನೋಡಬೇಕು. ಆ ಮನೆಯ ಯಜಮಾನರು ಒಂದು ಮಾತು ಹೇಳಿದರು. ಕೈಮಗ್ಗದ ಮೇಳಕ್ಕೆಂದು ಅವರೂ ದೊಡ್ಡ ಊರುಗಳಿಗೆ ಹೋಗಿ ಹತ್ತು ದಿನ ಅಂಗಡಿ ಹಾಕುತ್ತಾರೆ. “ಅಲ್ಲಿ ನಮ್ಮನ್ನ ಯಾರೂ ನಂಬಲ್ಲ ಸ್ವಾಮಿ. ಇದು ನಿಜವಾಗ್ಲೂ ಕೈಮಗ್ಗದ್ದೇನ್ರೀ ಅಂತಾರೆ. ಇಲ್ಲಿಗೆ ಬಂದವರು ಯಾರೂ ಅಂಗೆ ಕೇಳಲ್ಲ, ಮಗ್ಗ ಕಾಣ್ತೈತಲ್ಲ.”

ಅವರ ಮಾತು ಕೇಳಿ ನನ್ನ ಹೆಂಡತಿ ನನ್ನತ್ತ ನೋಡಿದಳು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಲ್ಯಾಣಮಂಟಪದಲ್ಲಿ ‘ಇಂದೇ ಕಡೆ’ ಎಂಬ ಫಲಕದಡಿಯಲ್ಲಿ ಅವಳು ಮೊಳಕಾಲ್ಮೂರು ರೇಷ್ಮೆಯೆಂದು ಕೊಂಡ ಸೀರೆ ರೇಷ್ಮೆಯೂ ಆಗಿರಲಿಲ್ಲ, ಕೈಮಗ್ಗದ್ದೂ ಆಗಿರಲಿಲ್ಲ. ಮರುದಿನ ನಾನು ಜಗಳಕ್ಕೆಂದು ಹೋದಾಗ ಅದೇ ಮಂಟಪದಲ್ಲಿ ಯಾರದೋ ಮದುವೆಯ ವಾಲಗ ನಡೆಯುತ್ತಿತ್ತು. ಇಂಥ ಮೋಸವನ್ನು ತಡೆಯಲೆಂದು ನಮ್ಮ ದೇಶ ಎಷ್ಟೊಂದು ಮುದ್ರೆಗಳನ್ನು ಮಾಡಿದೆ! ಕೆಲವು ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲೆಂದು 1985ರಲ್ಲಿ ಕಾನೂನು. 2004ರಲ್ಲಿ ಸಿಲ್ಕ್ ಮಾರ್ಕ್. 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಮಗ್ಗ ಕಾಣದ ಊರಿನಲ್ಲಿ ಮಗ್ಗದ ಬದಲು ಚೀಟಿ ನಿಲ್ಲಬೇಕು, ಬೇರೆ ದಾರಿಯಿಲ್ಲ. ಆ ದಿನ ಮಂಟಪದ ಮೆಟ್ಟಿಲ ಮೇಲೆ ನಿಂತು, ಊರು ಬಿಟ್ಟು ಓಡುವ ವ್ಯಾಪಾರಿಗಳಿಗೆ ನೀತಿಯೆಂಬುದೇ ಇಲ್ಲವೆಂದು ನಾನು ಸಾಕಷ್ಟು ಗಟ್ಟಿಯಾಗಿ ಮಾತಾಡಿದ್ದೆ. ಮುನ್ನೂರು ರೂಪಾಯಿಯೊಡನೆ ಹತ್ತು ಗಂಟೆಯ ಬಸ್ಸು ಹತ್ತಿದವನಿಗೆ ಮುದ್ರೆ ಒತ್ತುವವರು ಯಾರು?

ಸೀರೆ ಕೊಂಡ ಮೇಲೆ ಹೊತ್ತಿತ್ತು. ಅದೇ ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆವು. ಅಲ್ಲಿನ ಅಶೋಕನ ಶಾಸನವನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅದರ ಬಳಿಯ ಹಳೆಯ ನೆಲೆಯನ್ನು 1947ರಲ್ಲಿ ವ್ಹೀಲರ್ ಅಗೆಸಿದರು. ಇಸಿಲದ ಅಧಿಕಾರಿಗಳಿಗೆ ಬಂದ ಅಪ್ಪಣೆ ಅದು. ಅದರಲ್ಲಿ 256 ಎಂಬ ಅಂಕಿಯುಂಟು. ಚಕ್ರವರ್ತಿ ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳು ಅವು ಎಂದು ಅನೇಕ ವಿದ್ವಾಂಸರು ಅರ್ಥ ಮಾಡುತ್ತಾರೆ. ಹಾಗಾದರೆ ಇಷ್ಟು ಗಟ್ಟಿಯಾಗಿ ಉಳಿದ ಮಾತು ಹೊರಟದ್ದು ಡೇರೆಯಿಂದ! ನನಗೆ ಅದಕ್ಕಿಂತ ಹೆಚ್ಚಾಗಿ ನಾಟಿದ್ದು ಇನ್ನೊಂದು. ತಾಯಿತಂದೆಯರ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆ ದೃಢವಾಗಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರೊಡನೆ ತಕ್ಕಂತೆ ನಡೆಯಬೇಕು. ಪ್ರತಿಯೊಂದಕ್ಕೂ ‘ಯಾರಲ್ಲಿ’ ಎಂಬುದನ್ನು ಶಾಸನ ಹೇಳುತ್ತದೆ. ಸತ್ಯವನ್ನು ನುಡಿಯಬೇಕು ಎಂಬಲ್ಲಿ ಮಾತ್ರ ಹೇಳುವುದಿಲ್ಲ. ಯಾರಿಗೆ ನುಡಿಯಬೇಕು? ನಾಳೆ ಕಾಣುವವನಿಗೋ, ಕಾಣದವನಿಗೋ? ಲಿಪಿಕಾರ ಚಪಡನಿಗೆ ಅಲ್ಲಿ ಬಂಡೆ ಸಾಲದೆ ಹೋಯಿತೆಂದು ಹೇಳುವ ಹಾಗಿಲ್ಲ. ತನ್ನ ಕಸುಬಿನ ಹೆಸರನ್ನು ಬೇರೊಂದು ಲಿಪಿಯಲ್ಲಿ ಕೆತ್ತುವಷ್ಟು ಪುರುಸೊತ್ತು ಅವನಿಗಿತ್ತು.

ನನ್ನ ಮಿತ್ರರೊಬ್ಬರು ಇದಕ್ಕೆ ಒಂದು ಪರಿಹಾರ ಹೇಳಿದ್ದರು. ಆ ಹಣವನ್ನು ದೇವರ ಹುಂಡಿಗೆ ಹಾಕಿಬಿಡಿ, ಋಣ ಮುಗಿಯಿತು ಎಂದು. ನಮ್ಮಲ್ಲಿ ಬಹಳ ಜನ ಹೀಗೆ ಮಾಡುತ್ತಾರೆ, ನಾನೂ ಒಪ್ಪುವುದರಲ್ಲಿದ್ದೆ. ಆದರೆ ದುಡಿದವರಿಗೆ ದುಡಿದಷ್ಟು ಎಂದು ಜನ ಅರ್ಥ ಹೇಳುವ ಮಾತಿನ ಸ್ವಾಮಿಗೆ ಬಳೆಗಾರತಿಯ ದುಡಿಮೆಯನ್ನು ನಾನು ಕಾಣಿಕೆ ಹಾಕುವುದು ಹೇಗೆ?

2024ರ ಜಾತ್ರೆಗೆ ಹೋದೆವು. ಅಂಗಡಿ ಹಿಂದಿನ ಜಾಗದಲ್ಲಿರಲಿಲ್ಲ. ಅಲ್ಲಿ ಯಾರೋ ಪ್ಲಾಸ್ಟಿಕ್ ಕೊಡ ಹರಡಿದ್ದರು. ನನಗೆ ಒಳಗೊಳಗೇ ಸಮಾಧಾನವಾದದ್ದನ್ನು ಮರೆಮಾಚುವುದಿಲ್ಲ. ಹೆಂಡತಿ ಮಾತ್ರ ಬಳೆಯಂಗಡಿಗಳ ಸಾಲನ್ನು ಒಂದೊಂದಾಗಿ ನೋಡುತ್ತ ನಡೆದು, ತೊಟ್ಟಿಲಾಟದ ಹಿಂದೆ ಆಕೆಯನ್ನು ಗುರುತಿಸಿದಳು. ಬಳೆ ತೊಡಿಸಿದ ಕೈಯನ್ನು ಹೆಂಗಸರು ಮರೆಯುವುದಿಲ್ಲವಂತೆ.

ನಾನು ವಿಷಯ ಹೇಳಿ ಮುನ್ನೂರು ರೂಪಾಯಿ ಚಾಚಿದೆ. ಆಕೆ ಮೊದಲು ಅರ್ಥವಾಗದೆ ನೋಡಿದಳು. ಆಮೇಲೆ, “ಮುನ್ನೂರಾ?” ಎಂದಳು. “ಓದ್ ವರ್ಸ ತೇರಿನ ದಿನ ಮುನ್ನೂರು ಕಮ್ಮಿ ಬಿದ್ದಿತ್ತಣ್ಣ. ನನ್ನ ಮಗನೇ ಇಸ್ಕಂಡವ್ನೆ ಅಂತ ಬೈದುಬಿಟ್ಟೆ. ನಾನಲ್ಲ ಅಂದ. ನಾನು ನಂಬಲಿಲ್ಲ.”

ನಾನು ಸುತ್ತ ನೋಡಿದೆ. ಪಕ್ಕದಲ್ಲಿ ನೋಟು ಇಸಿದುಕೊಳ್ಳುತ್ತಿದ್ದವಳು ಹತ್ತು ವರ್ಷದ ಹುಡುಗಿ.

“ಮಗ ಎಲ್ಲಮ್ಮ?”

“ಅವನು ಈ ಸಲ ಬಂದಿಲ್ಲ. ಬೆಂಗ್ಳೂರಾಗೆ ಕೆಲಸಕ್ಕವ್ನೆ.” ಆಕೆ ನೋಟುಗಳನ್ನು ಒಂದೊಂದಾಗಿ ಎಣಿಸಿ, ಸೊಂಟದ ಚೀಲಕ್ಕೆ ಸೇರಿಸಿದಳು. “ಫೋನಾಗೆ ಹೇಳ್ತೀನಿ ಬಿಡಣ್ಣ.”

ಅವನು ಆ ಮಾತಿಗೇ ಹೋದನೋ, ಹೋಗಬೇಕಾದ ವಯಸ್ಸಿಗೆ ಹೋದನೋ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹಿಂದಿನಿಂದ ನಾಲ್ಕು ಜನ ಹೆಂಗಸರು ನುಗ್ಗಿ ಬಂದರು. “ಆ ಹಸಿರು ಗಾಜಿನವು ತೆಗೀರಿ” ಎಂದಳೊಬ್ಬಳು. ಆಕೆ ಅವಳ ಕೈಯನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಬೆರಳುಗಳನ್ನು ಒತ್ತಿ ಅಳತೆ ನೋಡತೊಡಗಿದಳು.