ಸಂಯೋಗವೂ ಸಂಕೇತವೂ

ಎರಡು ವಸ್ತುಗಳು ಒಂದನ್ನೊಂದು ಮುಟ್ಟಿದ ಮಾತ್ರಕ್ಕೆ ಅವುಗಳ ನಡುವೆ ಸಂಬಂಧ ಏರ್ಪಟ್ಟಿತೆನ್ನಬಹುದೇ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಬಹಳ ಗಂಭೀರವಾಗಿ ಎತ್ತಿಕೊಂಡಿವೆ. ನ್ಯಾಯ-ವೈಶೇಷಿಕರ ಮತದಲ್ಲಿ, ಬೇರೆಬೇರೆಯಾಗಿದ್ದ ಎರಡು ದ್ರವ್ಯಗಳು ಕೂಡುವುದು ‘ಸಂಯೋಗ’. ಅದು ಒಮ್ಮೆ ಉಂಟಾಗುತ್ತದೆ, ಅಗಲಿಕೆಯಿಂದ ನಾಶವೂ ಆಗುತ್ತದೆ. ನೂಲಿಗೂ ಬಟ್ಟೆಗೂ, ಹೂವಿಗೂ ಅದರ ಬಣ್ಣಕ್ಕೂ ಇರುವ, ಬಿಡಿಸಿ ತೋರಿಸಲಾಗದ ನಂಟು ‘ಸಮವಾಯ’. ಆದರೆ ‘ಹಸು’ ಎಂಬ ಪದಕ್ಕೂ ಕೊಟ್ಟಿಗೆಯಲ್ಲಿ ನಿಂತ ಹಸುವಿಗೂ ಇರುವ ಸಂಬಂಧ ಈ ಎರಡರಲ್ಲಿ ಯಾವುದೂ ಅಲ್ಲವೆಂದು ಕಂಡುಕೊಂಡ ವೈಶೇಷಿಕರು ಅದನ್ನು ‘ಸಮಯ’ ಅಥವಾ ‘ಸಂಕೇತ’, ಎಂದರೆ ಈ ಪದದಿಂದ ಈ ಅರ್ಥವನ್ನು ತಿಳಿಯತಕ್ಕದ್ದೆಂಬ ಒಡಂಬಡಿಕೆ, ಎಂದು ಕರೆದರು. ಆ ಒಡಂಬಡಿಕೆ ಯಾರದು ಎಂಬಲ್ಲಿ ಮತಭೇದ ಹುಟ್ಟುತ್ತದೆ: ಅನ್ನಂಭಟ್ಟನ ‘ತರ್ಕಸಂಗ್ರಹ’ ಅದನ್ನು ಈಶ್ವರನ ಸಂಕೇತವೆನ್ನುತ್ತದೆ, ನವ್ಯನೈಯಾಯಿಕರು ಮನುಷ್ಯರ ಇಚ್ಛೆಗೂ ಅಲ್ಲಿ ಎಡೆಗೊಡುತ್ತಾರೆ, ಮೀಮಾಂಸಕರೋ ಅದು ಯಾರೂ ಮಾಡಿದ್ದಲ್ಲ, ಆದುದರಿಂದಲೇ ಅದಕ್ಕೆ ಅಳಿವಿಲ್ಲ ಎಂದು ವಾದಿಸುತ್ತಾರೆ. ಮನುಷ್ಯರು ಮಾಡಿದ ಸಂಕೇತವು ಅವರೊಡನೆಯೇ ಅಳಿಯಬೇಕೇ ಎಂಬ ಈ ಚರ್ಚೆಯ ತಿರುಳು ನೀಲಗಿರಿಯಲ್ಲಿ ಹಳೆಯದೊಂದು ಸ್ಕ್ಯಾನರಿನ ಮುಂದೆ ಮತ್ತೆ ಎದುರಾಗುತ್ತದೆ.

ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆಯು ‘ಇಂದು’ ಎಂಬ ಹೆಸರಿನ ಫಿಲ್ಮನ್ನು ದೇಶಕ್ಕೆ ಒದಗಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ, ಆದರೆ ಆ ಕಾಲದ ಮದುವೆ, ಹಬ್ಬ, ಶಾಲೆಗಳ ನೆಗೆಟಿವ್‌ಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಉಳಿದಿವೆ. ಮಸಿನಗುಡಿ ಮಳೆನೆರಳಿನ ಒಣನೆಲವಾದ್ದರಿಂದ ಅಲ್ಲಿ ಅವು ಸ್ವಲ್ಪ ಹೆಚ್ಚು ಕಾಲ ಬಾಳಬಹುದು. ಉದಕಮಂಡಲದ ಮಂಜಿನಲ್ಲಿ, ಗೂಡಲೂರಿನ ಮುಂಗಾರಿನ ತೇವದಲ್ಲಿ, ಬೆಳ್ಳಿಯ ಕಣಗಳನ್ನು ಹಿಡಿದಿಟ್ಟ ಜಿಲೆಟಿನ್ ಪದರಕ್ಕೆ ಬೂಷ್ಟು ಹಿಡಿಯುತ್ತದೆ. ಇಂಥ ನೆಗೆಟಿವ್‌ಗಳನ್ನು ಓದಲೆಂದೇ ರೂಪಿಸಿದ, 1990ರ ದಶಕದ ನಿಕಾನ್ ಕೂಲ್‌ಸ್ಕ್ಯಾನ್‌ನಂಥ ಯಂತ್ರಗಳ ಮಸೂರವೂ ಸಂವೇದಕವೂ ಇಂದಿಗೂ ಕೆಲಸಕ್ಕೆ ಬರುತ್ತವೆ. ಅವುಗಳ ಕಣ್ಣು ನೆಟ್ಟಗಿದೆ. ಹಳತಾದದ್ದು ಅವುಗಳ ಮಾತು.

ಆ ಮಾತಿನ ಹೆಸರು ‘ಸ್ಕಸಿ’. 1986ರಲ್ಲಿ ಅಮೆರಿಕದಲ್ಲಿ ಮಾನಕವಾಗಿ ಅಂಗೀಕಾರಗೊಂಡ ಈ ಪದ್ಧತಿಯಲ್ಲಿ ಕಂಪ್ಯೂಟರನ್ನೂ ಸೇರಿಸಿ ಹೆಚ್ಚೆಂದರೆ ಎಂಟು ಸಾಧನಗಳು ಒಂದೇ ಸಾಲಿನಲ್ಲಿ ನಿಲ್ಲಬಹುದು, ಪ್ರತಿಯೊಂದಕ್ಕೂ 0ಯಿಂದ 7ರವರೆಗಿನ ಒಂದು ಅಂಕಿ ಅದರ ಗುರುತಾಗುತ್ತದೆ, ಸಾಲಿನ ಎರಡೂ ತುದಿಗಳಲ್ಲಿ ‘ಟರ್ಮಿನೇಟರ್’ ಎಂಬ ಬಿರಡೆ ಇರಬೇಕಾಗುತ್ತದೆ. ಅದಿಲ್ಲದಿದ್ದರೆ ತುದಿಗೆ ಹೋದ ಸಂಜ್ಞೆ ಬಾವಿಯೊಳಗಿನ ಕೂಗಿನಂತೆ ತಿರುಗಿ ಬಂದು ಮುಂದಿನ ಸಂಜ್ಞೆಯನ್ನು ಕೆಡಿಸುತ್ತದೆ. ಸ್ಕಸಿ ಕೇಬಲ್‌ಗಳಲ್ಲೊಂದು ಬಗೆಗೆ 25 ಪಿನ್ನುಗಳ ಮೂತಿಯಿತ್ತು, ಪ್ರಿಂಟರಿಗೆ ಬಳಸುತ್ತಿದ್ದ ಪ್ಯಾರಲಲ್ ಪೋರ್ಟಿಗೂ ಅದೇ ಆಕಾರದ 25 ಪಿನ್ನುಗಳಿದ್ದವು. ಒಂದು ಇನ್ನೊಂದರೊಳಗೆ ಸಲೀಸಾಗಿ ಕೂರುತ್ತದೆ, ತಿರುಪೂ ಬಿಗಿಯುತ್ತದೆ, ಆದರೆ ಒಂದರಲ್ಲಿ ದತ್ತಾಂಶ ಹರಿಯುವ ತಂತಿಗೆ ಇನ್ನೊಂದರಲ್ಲಿ ಬೇರೆಯೇ ಕೆಲಸವಿರುವುದರಿಂದ ಮಾತು ನಡೆಯುವುದಿಲ್ಲ. ಯಂತ್ರಕ್ಕೆ ಹಾನಿಯಾದರೂ ಆಗಬಹುದು. ಸಂಯೋಗ ಪೂರ್ಣವಾಗಿದ್ದು ಸಂಕೇತ ಇಲ್ಲವೇ ಇಲ್ಲದ ಸ್ಥಿತಿಗೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಸಿಗುವುದು ಕಷ್ಟ. ಪ್ಯಾರಲಲ್ ಪೋರ್ಟಿಗೆ ಜೋಡಿಸುವ ಸ್ಕ್ಯಾನರುಗಳ ಪಾಡೂ ಹೆಚ್ಚುಕಡಿಮೆ ಇದೇ: ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಯುಎಸ್‌ಬಿ ಅಡಾಪ್ಟರು ತನ್ನ ಇನ್ನೊಂದು ತುದಿಯಲ್ಲಿರುವುದು ಪ್ರಿಂಟರ್ ಎಂದೇ ನಂಬಿಕೊಂಡು ಮಾತಾಡುತ್ತದೆ, ಸ್ಕ್ಯಾನರು ಸುಮ್ಮನಿರುತ್ತದೆ.

ಬೌದ್ಧ ದಾರ್ಶನಿಕ ಧರ್ಮಕೀರ್ತಿಯು ‘ಸಂಬಂಧಪರೀಕ್ಷಾ’ ಎಂಬ ಕಿರುಗ್ರಂಥದಲ್ಲಿ, ಸಂಬಂಧವೆಂಬ ಮೂರನೆಯ ವಸ್ತು ಹೊರಗೆಲ್ಲೂ ಇಲ್ಲ, ಅದು ಬುದ್ಧಿಯ ಕಲ್ಪನೆ ಮಾತ್ರ ಎಂದು ಸಾಧಿಸುತ್ತಾನೆ. ಕೇಬಲ್ಲನ್ನು ಸೀಳಿ ನೋಡಿದರೆ ತಾಮ್ರವಲ್ಲದೆ ಸಂಬಂಧ ಕಾಣುವುದಿಲ್ಲವೆಂಬ ಮಟ್ಟಿಗೆ ಅವನ ಮಾತು ನಿಲ್ಲುತ್ತದೆ. ಆದರೆ ಒಂದು ಒಡಂಬಡಿಕೆ ಇದ್ದಾಗ ಚಿತ್ರ ಮೂಡಿ, ಅದಿಲ್ಲದಾಗ ಮೂಡದಿರುವುದಕ್ಕೆ ಕಲ್ಪನೆಯೆಂಬ ಉತ್ತರ ಸಾಲದು.

ಸ್ಕ್ಯಾನರಿನ ಒಡಂಬಡಿಕೆ ‘ಡ್ರೈವರ್’ ಎಂಬ ಪುಟ್ಟ ತಂತ್ರಾಂಶದಲ್ಲಿರುತ್ತದೆ. ತಯಾರಕರು ಅದನ್ನು ನವೀಕರಿಸುವುದನ್ನು ಬಿಟ್ಟರೆ, 32 ಬಿಟ್ಟಿನ ಕಾಲಕ್ಕೆ ಬರೆದ ಡ್ರೈವರು 64 ಬಿಟ್ಟಿನ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಮಾಡಿದವರು ಕೈಬಿಟ್ಟ ಸಂಕೇತ ಇಲ್ಲಿಗೆ ಮುಗಿಯಿತೆಂದು ತೋರುತ್ತದೆ. ಆದರೂ ಲಿನಕ್ಸ್‌ಗಾಗಿ ಸ್ವಯಂಸೇವಕರು ಕಟ್ಟಿದ ‘ಸೇನ್’, 1998ರಿಂದ ಬಳಕೆಯಲ್ಲಿರುವ ‘ವ್ಯೂಸ್ಕ್ಯಾನ್’ ಮೊದಲಾದ ತಂತ್ರಾಂಶಗಳು ತಯಾರಕರು ಕೈಬಿಟ್ಟ ಅದೆಷ್ಟೋ ಸ್ಕ್ಯಾನರುಗಳನ್ನು ಇಂದಿಗೂ ನಡೆಸುತ್ತಿವೆ. ತಯಾರಕರಿಂದ ವಿವರ ಸಿಗದ ಕಡೆ ಇವನ್ನು ಬರೆದವರು ಹಿಡಿದ ದಾರಿ ಗಮನಾರ್ಹವಾದದ್ದು: ಹಳೆಯ ಕಂಪ್ಯೂಟರೂ ಹಳೆಯ ಸ್ಕ್ಯಾನರೂ ತಮ್ಮೊಳಗೆ ಮಾತಾಡಿಕೊಳ್ಳುವಾಗ ತಂತಿಯಲ್ಲಿ ಹರಿಯುವುದನ್ನು ಸಾಕ್ಷಿಯಂತೆ ನೋಡುತ್ತ, ಯಾವ ಸಂಜ್ಞೆಗೆ ದೀಪ ಹೊತ್ತಿತು, ಯಾವುದಕ್ಕೆ ಮೋಟಾರು ಸರಿಯಿತು ಎಂದು ಅವರು ಒಂದೊಂದಾಗಿ ಊಹಿಸಿದರು. ಮೀಮಾಂಸಕರು ಇದನ್ನೇ ‘ವೃದ್ಧವ್ಯವಹಾರ’ ಎಂದಿದ್ದರು. ಒಬ್ಬ ಹಿರಿಯ ‘ಹಸುವನ್ನು ತಾ’ ಎನ್ನುತ್ತಾನೆ, ಮತ್ತೊಬ್ಬ ತರುತ್ತಾನೆ, ಪಕ್ಕದಲ್ಲಿರುವ ಮಗು ಇಬ್ಬರನ್ನೂ ನೋಡಿ ಪದದ ಅರ್ಥವನ್ನು ಕಲಿಯುತ್ತದೆ. ಸಂಕೇತವನ್ನು ಮಾಡಿದವರು ಯಾರೆಂದು ಮಗುವಿಗೆ ತಿಳಿಯಬೇಕಾಗಿಲ್ಲ. ಆದರೆ ಒಬ್ಬನು ಹೇಳುವ, ಇನ್ನೊಬ್ಬನು ಮಾಡುವ ಆ ಕೊನೆಯ ಜೋಡಿ ಮೌನವಾದರೆ ಮಗುವಿಗೆ ಕಲಿಯುವ ದಾರಿಯೇ ಇಲ್ಲ. ಅದಕ್ಕಾಗಿಯೇ ಕಪಾಟಿನಲ್ಲಿ ಸುತ್ತಿಟ್ಟ ಕೇಬಲ್ಲಿಗಿಂತ, ಆಗಾಗ ಚಾಲೂ ಮಾಡುವ ಒಂದು ಮುದಿ ಕಂಪ್ಯೂಟರು ಹೆಚ್ಚು ಬೆಲೆಯುಳ್ಳದ್ದು.

ಬಳಕೆಯಲ್ಲಿದ್ದರಷ್ಟೇ ಸಂಕೇತ ಉಳಿಯುತ್ತದೆಂಬ ಈ ಸತ್ಯವನ್ನು ನೀಲಗಿರಿಯ ತೋಡರ ಧರ್ಮವು ಹಾಲಿನ ಮೂಲಕ ಅರಿತಿತ್ತು. ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ ‘ದಿ ತೋಡಾಸ್’ ಗ್ರಂಥವು ಅವರ ಹಾಲುಮನೆಗಳ, ಎಂದರೆ ದೇಗುಲಗಳೂ ಆಗಿದ್ದ ಡೈರಿಗಳ, ವಿಧಿಗಳನ್ನು ದಾಖಲಿಸಿದೆ. ಪವಿತ್ರ ಎಮ್ಮೆಗಳ ಹಾಲನ್ನು ಮುಟ್ಟುವ ಒಳಗಿನ ಪಾತ್ರೆಗಳು ಹೊರಗಿನ ಪಾತ್ರೆಗಳನ್ನು ಸೋಕಬಾರದಾದ್ದರಿಂದ, ಅತಿಪವಿತ್ರ ಡೈರಿಗಳಲ್ಲಿ ನಡುವೆ ಮತ್ತೊಂದು ಪಾತ್ರೆಯನ್ನು ಇಟ್ಟು ಅದರ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು. ಅಲ್ಲಿ ಮುಟ್ಟದಿರುವುದೇ ಸಂಬಂಧದ ಮರ್ಯಾದೆಯಾಗಿತ್ತು. ಇಂದಿನ ಹಾಲನ್ನು ಹೆಪ್ಪುಗಟ್ಟಿಸಲು ಹಿಂದಿನ ಕಡೆತದ ಮಜ್ಜಿಗೆಯನ್ನು ಬೆರೆಸುತ್ತಿದ್ದರು. ಅದರ ಹೆಸರು ‘ಪೆಪ್’. ಕನ್ನಡದ ‘ಹೆಪ್ಪು’ ಬಲ್ಲ ಕಿವಿಗೆ ಅದು ಪರಕೀಯವಲ್ಲ. ಅದು ಮೈಲಿಗೆಯಾದರೆ ಹೊಸ ಹೆಪ್ಪಿಗಾಗಿ ಪ್ರತ್ಯೇಕ ವಿಧಿಯನ್ನೇ ನಡೆಸಬೇಕಾಗುತ್ತಿತ್ತು. ನಿನ್ನೆಯ ಹಾಲಿನ ಒಂದು ಹನಿಯೂ ಇಂದಿನದರಲ್ಲಿ ಬಹುಕಾಲ ಉಳಿಯದಿದ್ದರೂ ಹೆಪ್ಪು ಅದೇ ಎನ್ನಿಸಿಕೊಳ್ಳುವುದು, ಅದು ದಿನದಿನವೂ ಬಳಕೆಯಾಗುತ್ತಿರುವುದರಿಂದ.

ನೀಲಗಿರಿಯವರೇ ಆದ ಬಡಗರ ಬರಹಕ್ಕೆ ಈ ಮಾತು ಇನ್ನೂ ಹತ್ತಿರದ್ದು. ಕನ್ನಡಕ್ಕೆ ಅತ್ಯಂತ ಸಮೀಪವಾದ ಬಡಗ ನುಡಿಗೆ ಸ್ವಂತ ಲಿಪಿಯಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು 1890ರಲ್ಲಿ ‘ಅಂಗ ಕರ್ತಾಗಿಬ್ಬ ಏಸು ಕ್ರಿಸ್ತನ ಒಳ್ಳೆಯ ಸುದ್ದಿಯ ಪುಸ್ತಕ’ವನ್ನು ಆ ನುಡಿಯಲ್ಲಿ ಕನ್ನಡ ಅಕ್ಷರಗಳಿಂದ ಅಚ್ಚುಹಾಕಿತು. ಇಂದು ಅದನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟರೆ ಪುಟದ ಚಿತ್ರ ಸಿಗುತ್ತದೆ. ಪುಟವನ್ನು ಓದಿಸುವ ಸಂಕೇತ ಮಾತ್ರ ಎರಡು ಕಡೆ ಹಂಚಿಹೋಗಿದೆ. ತಮಿಳಿನಲ್ಲಿ ಕಲಿತ ಬಡಗ ಮಗುವಿಗೆ ಮಾತು ಗೊತ್ತು, ಅಕ್ಷರ ಗೊತ್ತಿಲ್ಲ. ಕನ್ನಡಿಗನಿಗೆ ಅಕ್ಷರ ಗೊತ್ತು, ಆದರೆ ಎಂ. ಬಿ. ಎಮೆನೊ 1939ರಲ್ಲಿ ವಿವರಿಸಿದ, ನಾಲಿಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಬಡಗ ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಚಿಹ್ನೆಯೇ ಇಲ್ಲದ್ದರಿಂದ ಅವು ಅವನ ಓದಿಗೆ ದಕ್ಕುವುದಿಲ್ಲ. ಆ ಚಿತ್ರ ಮತ್ತೆ ಮಾತಾಗಬೇಕಾದರೆ ಅಕ್ಷರ ಬಲ್ಲ ಒಬ್ಬರು ಹಟ್ಟಿಯ ಒಬ್ಬ ಹಿರಿಯರೊಡನೆ ಕುಳಿತು, ಒಬ್ಬರು ಓದುತ್ತ ಇನ್ನೊಬ್ಬರು ತಿದ್ದುತ್ತ ಹೋಗಬೇಕು, ಪಕ್ಕದಲ್ಲಿ ಒಂದು ಮಗು ಕೇಳಿಸಿಕೊಳ್ಳುತ್ತಿರಬೇಕು.