ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು

ಈ ಗಾದೆ ಅಪ್ಪಟ ಅಡುಗೆಮನೆಯದು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಜನ ಅದನ್ನು ಉಜ್ಜಿ ಉಜ್ಜಿ 'ಒಲ್ದ ಗಂಡಂಗೆ ಮೊಸ್ರಲ್ ಕಲ್ಲು' ಮಾಡಿಕೊಂಡಿದ್ದಾರೆ. ಕೂಡಿಕೆ ಮುರಿದ ಮದುವೆಗೆ, ಪಾಲು ಬೇಡುವ ತಮ್ಮನಿಗೆ, ಕೆಲಸ ಬಿಡಲು ನೆಪ ಹುಡುಕುವ ಆಳಿಗೆ ಇದೇ ಮಾತು. ಐಪಿಎಲ್ ಬಂದ ಮೇಲೆ ಹರಾಜಿಗೆ ಮುಂಚೆ ಟೀ ಅಂಗಡಿಗಳಲ್ಲೂ ಇದು ಕೇಳಿಸುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಚರ್ಚೆಯಲ್ಲಿ ಮುನಿಸಿಕೊಂಡ ಹಿರಿಯ ಆಟಗಾರನ ಹೆಸರು ಬಂದರೆ ಸಾಕು. "ಅಂವುನ್ ಬುಟ್ಬುಡ್ಲಿ ಕಣಣ್ಣ, ಮನ್ಸಿಲ್ದೋನು ಇದ್ರೆಷ್ಟು ಓದ್ರೆಷ್ಟು" ಎನ್ನುವವನೊಬ್ಬ. "ಅಂಗಂದ್ಬುಟ್ರೆ ಆಯ್ತದಾ? ಅಂವ ಒಡ್ದಿರೋ ರನ್ನು ನೀನ್ ಒಡೀತೀಯಾ?" ಎನ್ನುವವನು ಇನ್ನೊಬ್ಬ. ಮೂರನೆಯವನು ಮೊಸರಿನ ಕಲ್ಲು ತೆಗೆದು ನಡುವೆ ಇಡುತ್ತಾನೆ, ಮಾತು ಮುಗಿಯಿತು ಎಂಬಂತೆ.

ನನಗೇನೋ ಮಾತು ಅಲ್ಲಿಂದಲೇ ಶುರುವಾಗಬೇಕು ಅನ್ನಿಸುತ್ತದೆ. ಕಲ್ಲು ಮೊಸರಿನಲ್ಲೇ ಏಕೆ? ಈ ಸೀಮೆಯ ಊಟದಲ್ಲಿ ಕಲ್ಲಿಗೆ ಬೇರೆ ಜಾಗ ಬೇಕಾದಷ್ಟಿದೆ. ರಾಗಿಯನ್ನು ಕಣದಲ್ಲಿ ಗುಂಡು ಹೊಡೆದು ಒಕ್ಕುತ್ತಿದ್ದ ಕಾಲದಲ್ಲಿ ಮುದ್ದೆಯಲ್ಲಿ ಮರಳು ಸಿಗುವುದು ಸಾಮಾನ್ಯ. ಈಗ ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹುರುಳಿ, ರಾಗಿಯನ್ನು ಡಾಂಬರು ರಸ್ತೆಗೇ ಹರಡಿ ಲಾರಿ ಬಸ್ಸುಗಳಿಂದ ಒಕ್ಕಣೆ ಮಾಡಿಸುತ್ತಾರೆ, ಜಲ್ಲಿಪುಡಿಗೆ ಬರವಿಲ್ಲ. ಅಕ್ಕಿಯಲ್ಲಿ ಕಲ್ಲು ಇದ್ದದ್ದಕ್ಕೇ ಮೊರ ಹಿಡಿದು ಆರಿಸುತ್ತಿದ್ದರು. ಇವೆಲ್ಲವನ್ನೂ ಬಿಟ್ಟು ಗಾದೆ ಮೊಸರನ್ನೇ ಹಿಡಿಯಿತು. ಹಾಲನ್ನು ಸೋಸಿ, ಕಾಯಿಸಿ, ಹೆಪ್ಪು ಹಾಕಿ ಮುಚ್ಚಿಟ್ಟದ್ದರಲ್ಲಿ ಕಲ್ಲು ಬರಲು ದಾರಿಯೇ ಇಲ್ಲ. ಅಂಥದ್ದರಲ್ಲೂ ಕಲ್ಲು ಕಂಡವನ ತಟ್ಟೆಯನ್ನು ನೋಡಿ ಪ್ರಯೋಜನವಿಲ್ಲ, ಅವನ ಮನಸ್ಸನ್ನು ನೋಡಬೇಕು ಎಂಬುದು ಗಾದೆಯ ಮೊದಲ ಅರ್ಥ. ಟೀ ಅಂಗಡಿಯವರು ನಿಲ್ಲುವುದು ಇಲ್ಲೇ.

ಆದರೆ ಈ ಮಾತು ಆಡಿದವರು ಯಾರು? ಹೆಪ್ಪು ಹಾಕಿದವಳು, ಇಲ್ಲವೇ ಅವಳ ಪರವಾಗಿ ನಿಂತ ಓರಗಿತ್ತಿ. ಗಂಡನ ಮಾತು ಗಾದೆಯಲ್ಲಿ ಇಲ್ಲವೇ ಇಲ್ಲ. ಅವನು ಏಕೆ ಒಲ್ಲೆ ಎಂದ, ಯಾವತ್ತಿನಿಂದ ಒಲ್ಲೆ ಎಂದ, ಗಾದೆಗೆ ಬೇಕಿಲ್ಲ. ಇನ್ನೂ ಒಂದಿದೆ: ಮೊಸರನ್ನು ಯಾರೂ ಬರಿದೇ ಉಣ್ಣುವುದಿಲ್ಲ, ಅನ್ನಕ್ಕೆ ಕಲಸಿಕೊಳ್ಳುತ್ತಾರೆ. ಹಲ್ಲಿಗೆ ಸಿಕ್ಕ ಕಲ್ಲು ನಿಜವೇ ಇರಬಹುದು, ಅಕ್ಕಿಯದು. ಅಕ್ಕಿ ಆರಿಸಿದವರು ಯಾರು ಎಂದು ಕೇಳುವ ಹೊತ್ತಿಗೆ ಬೈಗುಳ ಮೊಸರಿಗೆ ಬಿದ್ದಾಗಿರುತ್ತದೆ.

2008ರ ಬೆಂಗಳೂರು ತಂಡದಲ್ಲಿ ಆದದ್ದು ಇದೇ ಎನ್ನುವುದು ನನ್ನ ವಾದ. ಮೊದಲ ಐಪಿಎಲ್‌ನ ಮೊದಲ ಪಂದ್ಯ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು. ಕೋಲ್ಕತ್ತದ ಬ್ರೆಂಡನ್ ಮೆಕಲಂ ಔಟಾಗದೆ 158 ಹೊಡೆದ, ನಮ್ಮ ತಂಡ ಪೂರ್ತಿ ಸೇರಿ ಹೊಡೆದದ್ದು 82. ಋತು ಮುಗಿದಾಗ ಎಂಟು ತಂಡಗಳಲ್ಲಿ ಏಳನೇ ಸ್ಥಾನ, ಹದಿನಾಲ್ಕರಲ್ಲಿ ನಾಲ್ಕು ಗೆಲುವು. ಟೂರ್ನಿ ಅರ್ಧದಲ್ಲಿದ್ದಾಗಲೇ ಮುಖ್ಯಸ್ಥ ಚಾರು ಶರ್ಮಾ ಹೊರಗೆ ಹೋದರು. ಮಾಲೀಕ ವಿಜಯ್ ಮಲ್ಯ ತಂಡದ ಆಯ್ಕೆಯ ಬಗ್ಗೆ ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿದರು. 'ಇದು ಟೆಸ್ಟ್ ಟೀಮು' ಎಂಬ ಗೇಲಿ ಊರೂರಿಗೂ ತಲುಪಿತು. ಮರು ವರ್ಷ ನಾಯಕತ್ವ ರಾಹುಲ್ ದ್ರಾವಿಡ್ ಕೈಯಿಂದ ಕೆವಿನ್ ಪೀಟರ್ಸನ್‌ಗೆ, ಅಲ್ಲಿಂದ ಅನಿಲ್ ಕುಂಬ್ಳೆಗೆ ಹೋಯಿತು. ಆ ಋತುವಿನ ಮೊದಲ ಪಂದ್ಯದಲ್ಲಿ ಕೇಪ್‌ಟೌನಿನಲ್ಲಿ ತಂಡ 133 ಮಾಡಿತು, ಅದರಲ್ಲಿ ಅರ್ಧ, 66 ರನ್, ದ್ರಾವಿಡ್‌ದು. ಐದು ರನ್ನಿಗೆ ಐದು ವಿಕೆಟ್ ತೆಗೆದ ಕುಂಬ್ಳೆ ರಾಜಸ್ಥಾನವನ್ನು 58ಕ್ಕೆ ಮಡಚಿದರು. ಟೆಸ್ಟ್ ಆಟಗಾರರೆಂದು ನಕ್ಕವರು ಅವತ್ತು ಏನು ಹೇಳಿದರೋ.

2011ರ ಹರಾಜಿಗೆ ಮುಂಚೆ ನಾಲ್ವರನ್ನು ಉಳಿಸಿಕೊಳ್ಳಲು ಅವಕಾಶವಿತ್ತು. ಬೆಂಗಳೂರು ಉಳಿಸಿಕೊಂಡದ್ದು ಒಬ್ಬರನ್ನು, ವಿರಾಟ್ ಕೊಹ್ಲಿಯನ್ನು. 38ರ ಹೊಸ್ತಿಲಲ್ಲಿದ್ದ ದ್ರಾವಿಡ್ ಐದು ಲಕ್ಷ ಡಾಲರಿಗೆ ರಾಜಸ್ಥಾನದ ಪಾಲಾದರು. ಆ ಹರಾಜು ನಡೆದದ್ದೂ ಬೆಂಗಳೂರಿನಲ್ಲೇ. ರಾಜಸ್ಥಾನದ ನಾಯಕರಾಗಿ 2012ರಲ್ಲಿ 462, 2013ರಲ್ಲಿ 471 ರನ್ ಮಾಡಿದರು. ಇಷ್ಟಾದರೂ ದ್ರಾವಿಡ್ ಒಂದು ಕಟು ಮಾತು ಆಡಿದ್ದು ನನ್ನ ನೆನಪಿನಲ್ಲಿಲ್ಲ. ಹಾಗಾದರೆ ಈ ಕತೆಯಲ್ಲಿ ಒಲ್ಲದ ಗಂಡ ಯಾರು? ಆಟಗಾರನಂತೂ ಅಲ್ಲ. ಅಭಿಮಾನಿಗಳು ಗಾದೆಯನ್ನು ಯಾವಾಗಲೂ ಮುನಿದ ಆಟಗಾರನ ಕಡೆಗೇ ತಿರುಗಿಸುತ್ತಾರೆ. ಬಹಳ ಸಲ ಕಲ್ಲು ಹುಡುಕುವವರು ಮೇಲೆ ಕೂತಿರುತ್ತಾರೆ.

ದ್ರಾವಿಡ್ ಹೋದ ವರ್ಷವೇ ಕ್ರಿಸ್ ಗೇಲ್ ಬಂದದ್ದು, ಅದೂ ಋತುವಿನ ನಡುವೆ, ಬದಲಿ ಆಟಗಾರನಾಗಿ. 608 ರನ್ ಹೊಡೆದ, ತಂಡ ಫೈನಲ್ ತಲುಪಿತು. 2013ರ ಏಪ್ರಿಲ್ 23ರಂದು ಪುಣೆ ಮೇಲೆ 66 ಎಸೆತಕ್ಕೆ ಔಟಾಗದೆ 175. ಬಿಟ್ಟದ್ದೇ ಒಳ್ಳೇದಾಯ್ತು ಎನ್ನುವವರಿಗೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಗೇಲ್‌ಗೂ ವಯಸ್ಸಾಯಿತು. 2018ರ ಹರಾಜಿಗೆ ಮುಂಚೆ ಬೆಂಗಳೂರು ಕೊಹ್ಲಿ, ಡಿವಿಲಿಯರ್ಸ್, ಸರ್ಫರಾಜ್ ಖಾನ್ ಮೂವರನ್ನು ಇಟ್ಟುಕೊಂಡಿತು. ಗೇಲ್ ಹೆಸರು ಎರಡು ಸಲ ಕೂಗಿದರೂ ಯಾರೂ ಕೈ ಎತ್ತಲಿಲ್ಲ, ಮೂರನೇ ಸಲ ಎರಡು ಕೋಟಿ ಮೂಲಬೆಲೆಗೆ ಪಂಜಾಬ್ ಕೊಂಡಿತು. ಏಪ್ರಿಲ್ 19ರಂದು ಮೊಹಾಲಿಯಲ್ಲಿ ಹೈದರಾಬಾದ್ ಮೇಲೆ ಶತಕ. ಬಿಟ್ಟದ್ದಕ್ಕಿಂತ ಹೆಚ್ಚಾಗಿ ಗೇಲ್‌ನನ್ನು ನೋಯಿಸಿದ್ದು ಬೇರೆ: ಉಳಿಸಿಕೊಳ್ಳುತ್ತೇವೆ ಎಂದು ಹೇಳಿದವರು ಆಮೇಲೆ ಫೋನೇ ಮಾಡಲಿಲ್ಲ ಎಂದು ಅವನು ಹೇಳಿಕೊಂಡ.

ಗಾದೆಯ ತಿರುಳಿಗೆ ನಾನು ಬೆರಳಿಡುವುದು ಇಲ್ಲೇ. ಗಂಡನಿಗೆ 'ನೀನು ನನಗೆ ಬೇಡ' ಎನ್ನುವ ಧೈರ್ಯವಿಲ್ಲ. ಅದಕ್ಕೇ ಮೊಸರಿನಲ್ಲಿ ಕಲ್ಲು ಬೇಕಾಯಿತು. ಆಟದಲ್ಲಿ 'ನಿನಗೆ ವಯಸ್ಸಾಯಿತು, ನಿನ್ನ ಜಾಗಕ್ಕೆ ಹುಡುಗ ಬೇಕು' ಎಂದು ಮುಖಕ್ಕೆ ಹೇಳುವುದು ಕಷ್ಟ. ಆದ್ದರಿಂದ 'ಅವನ ಮನಸ್ಸು ಸರಿಯಿಲ್ಲ, ಡ್ರೆಸ್ಸಿಂಗ್ ರೂಮು ಕೆಡಿಸುತ್ತಾನೆ' ಎಂಬ ಮಾತು ಹುಟ್ಟುತ್ತದೆ. ಅಭಿಮಾನಿ ಅದನ್ನೇ ಹಿಡಿದು ಜಗಳವಾಡುತ್ತಾನೆ. ವಯಸ್ಸು ಲೆಕ್ಕದ ವಿಷಯ, ಮುನಿಸು ಮಾತಿನ ವಿಷಯ. ಎರಡನ್ನೂ ಕಲಸಿಬಿಟ್ಟರೆ ಯಾವುದೂ ತೀರ್ಮಾನವಾಗುವುದಿಲ್ಲ.

ಹಾಗೆಂದು ಆಟಗಾರ ಎಂದೂ ಒಲ್ಲದ ಗಂಡನಾಗುವುದಿಲ್ಲವೆಂದಲ್ಲ. ಅಮೆರಿಕದಲ್ಲಿರುವ ನಮ್ಮ ಮಕ್ಕಳು ನೋಡುವ ಅವರ ಫುಟ್‌ಬಾಲ್‌ನಲ್ಲಿ ರಿಸೀವರ್ ಎಂಬ ಆಟಗಾರನಿದ್ದಾನೆ. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡುತ್ತಾ ಹಿಡಿಯುವುದು ಅವನ ಕೆಲಸ. ಚೆಂಡು ಅವನ ಕಡೆ ಬಾರದಿದ್ದರೆ ಎಷ್ಟು ಓಡಿದರೂ ಲೆಕ್ಕಕ್ಕಿಲ್ಲ. ಅತೃಪ್ತರು ಆ ಜಾಗದಲ್ಲೇ ಹೆಚ್ಚು ಹುಟ್ಟುವುದು ಸಹಜ. ಫಿಲಡೆಲ್ಫಿಯಾದ ಟೆರೆಲ್ ಓವೆನ್ಸ್ ಕಾಲಿನ ಮೂಳೆ ಮುರಿದ ಏಳೇ ವಾರಕ್ಕೆ 2005ರ ಫೆಬ್ರುವರಿಯ ಸೂಪರ್ ಬೌಲ್ ಆಡಿ ಒಂಬತ್ತು ಚೆಂಡು ಹಿಡಿದು 122 ಗಜ ಓಡಿದ. ಅದೇ ವರ್ಷ ಒಪ್ಪಂದ ಹೊಸದಾಗಿ ಬರೆಯಿರಿ ಎಂದು ಹಟ ಹಿಡಿದ, ತನಗೆ ಚೆಂಡು ಎಸೆಯುತ್ತಿದ್ದ ಡೊನೊವನ್ ಮ್ಯಾಕ್‌ನ್ಯಾಬ್‌ನನ್ನೇ ಹೀಗಳೆದ. ನವೆಂಬರಿನಲ್ಲಿ ತಂಡ ಅಮಾನತು ಮಾಡಿತು. ಫೈನಲ್ ಆಡಿದ್ದ ತಂಡ ಆ ಋತುವಿನಲ್ಲಿ ಹದಿನಾರರಲ್ಲಿ ಆರು ಗೆದ್ದಿತು. ಅವನಿಗೆ ಮೊಸರಲ್ಲಿ ಕಲ್ಲು ಕಂಡದ್ದು ನಿಜ; ತಟ್ಟೆ ಎತ್ತಿಕೊಂಡ ಮನೆಯವರೂ ಉಪವಾಸ ಬಿದ್ದರು.

ಇನ್ನು ನಮ್ಮ ಸೀಮೆ. ಇಲ್ಲಿ ಆಟದ ಮಾತು ರಾಜಕೀಯಕ್ಕೆ ಹೊರಳಲು ನಿಮಿಷ ಬೇಡ, ಎರಡೂ ಒಂದೇ ಬೆಂಚಿನ ಮಾತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ, ಶಾಸಕರಾಗಿದ್ದಾಗಲೇ, 2018ರ ಫೆಬ್ರುವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಾ ಕೂತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು ಎಂಬುದನ್ನು ನೆನೆದರೆ ಆಟವೂ ರಾಜಕೀಯವೂ ಇಲ್ಲಿ ಎಷ್ಟು ಹತ್ತಿರ ಎಂದು ತಿಳಿಯುತ್ತದೆ. 2016ರ ಜೂನ್‌ನ ರಾಜ್ಯಸಭಾ ಚುನಾವಣೆಯಲ್ಲಿ ಜೆಡಿಎಸ್‌ನ ಎಂಟು ಶಾಸಕರು ಪಕ್ಷದ ವಿರುದ್ಧ ಮತ ಹಾಕಿದರು. ಅವರಲ್ಲಿ ನಾಗಮಂಗಲದ ಎನ್. ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದ ರಮೇಶ ಬಂಡಿಸಿದ್ದೇಗೌಡ ಇದ್ದರು. ಚಲುವರಾಯಸ್ವಾಮಿ ಅದೇ ಪಕ್ಷದಿಂದ ಶಾಸಕ, ಮಂತ್ರಿ, ಸಂಸದ ಎಲ್ಲವೂ ಆಗಿದ್ದವರು. ಕರೆದು ಸಮಾಧಾನ ಮಾಡಬೇಕಿತ್ತು ಎಂದರು ಕೆಲವರು, ಹೋದರೆ ಪೀಡೆ ಕಳೆಯಿತು ಎಂದರು ಕೆಲವರು. ಇಬ್ಬರೂ ಕಾಂಗ್ರೆಸ್ಸಿಗೆ ಹೋದರು, 2018ರಲ್ಲಿ ಇಬ್ಬರೂ ಸೋತರು, ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್ ಗೆದ್ದಿತು. 'ಬುಟ್ಟಿದ್ದೇ ಒಳ್ಳೇದಾಯ್ತು' ಎಂದವರು ಐದು ವರ್ಷ ಮೀಸೆ ತಿರುವಿದರು. 2023ರಲ್ಲಿ ಇಬ್ಬರೂ ಗೆದ್ದರು. ಆ ವರ್ಷ ಜಿಲ್ಲೆಯಲ್ಲಿ ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆ ಒಂದು.

ಆ ಕೆ.ಆರ್. ಪೇಟೆಯ ಕತೆಯೋ ತಿರುಗುಮುರುಗು. ಅಲ್ಲಿನ ಜೆಡಿಎಸ್ ಶಾಸಕ ಕೆ.ಸಿ. ನಾರಾಯಣಗೌಡ 2019ರಲ್ಲಿ ರಾಜೀನಾಮೆ ಕೊಟ್ಟು ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು, ಮಂತ್ರಿಯೂ ಆದರು. ಖಾತೆಗಳಲ್ಲೊಂದು ಕ್ರೀಡೆ! 2023ರಲ್ಲಿ ಸೋತರು. ನಾಗಮಂಗಲದವನು ಗೆದ್ದ ಲೆಕ್ಕ ಹೇಳಿದರೆ ಪೇಟೆಯವನು ಸೋತ ಲೆಕ್ಕ ಹೇಳುತ್ತಾನೆ. ಫಲಿತಾಂಶ ನೋಡಿ ಈ ಗಾದೆಗೆ ತೀರ್ಪು ಕೊಡಲು ಹೊರಟವರು ಐದೈದು ವರ್ಷಕ್ಕೆ ತೀರ್ಪು ಬದಲಿಸಬೇಕಾಗುತ್ತದೆ.

ಆಟದಲ್ಲಿ ಐದು ವರ್ಷವೂ ಕಾಯಬೇಕಿಲ್ಲ. 2015ರ ಮಾರ್ಚ್‌ನಲ್ಲಿ ಮುಂಬೈಯ ವಾಂಖೆಡೆಯಲ್ಲಿ ಕರ್ನಾಟಕ ತಮಿಳುನಾಡನ್ನು ಸೋಲಿಸಿ ಸತತ ಎರಡನೇ ರಣಜಿ ಟ್ರೋಫಿ ಎತ್ತಿತು. ಫೈನಲ್‌ನಲ್ಲಿ ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188. ನಾಯಕ ವಿನಯ್ ಕುಮಾರ್ ಐದು ವಿಕೆಟ್ ತೆಗೆದು ಶತಕವನ್ನೂ ಹೊಡೆದ. ಆ ಋತುವಿನಲ್ಲಿ ಇಡೀ ದೇಶದಲ್ಲಿ ಹೆಚ್ಚು ರನ್ ಮಾಡಿದವನು ರಾಬಿನ್ ಉತ್ತಪ್ಪ, 912. ಮುಂದಿನ ಎಂಟೊಂಬತ್ತು ವರ್ಷದಲ್ಲಿ ಉತ್ತಪ್ಪ ಸೌರಾಷ್ಟ್ರಕ್ಕೆ, ವಿನಯ್ ಪುದುಚೇರಿಗೆ, ಕರುಣ್ ವಿದರ್ಭಕ್ಕೆ ಹೋದರು. ರಾಜ್ಯ ಸಂಸ್ಥೆಯಿಂದ ಎನ್‌ಒಸಿ ಪಡೆದು ಬೇರೆ ರಾಜ್ಯಕ್ಕೆ ಆಡುವುದು ನಿಯಮಬದ್ಧ, ತಪ್ಪೇನಿಲ್ಲ. ಆದರೂ ಒಂದೇ ಅಂಗಳದಲ್ಲಿ ಬೆಳೆದವರು ಹೀಗೆ ಚದುರಿದಾಗ ಪ್ರತಿಯೊಬ್ಬನಲ್ಲೂ ಮುನಿಸು ಹುಡುಕಿ ಕೈತೊಳೆದುಕೊಳ್ಳುವುದು ಸುಲಭ. ಅಕ್ಕಿ ಆರಿಸಿದವರನ್ನು ಯಾರೂ ಕೇಳುವುದಿಲ್ಲ.

ಕರುಣ್ ವಿಷಯ ಹೆಚ್ಚು ಕೆದಕಬೇಕಾದದ್ದು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ 303 ಹೊಡೆದವನಿಗೆ ಆರು ವರ್ಷದಲ್ಲಿ ಕರ್ನಾಟಕ ತಂಡದಲ್ಲೂ ಜಾಗವಿರಲಿಲ್ಲ. ಕ್ರಿಕೆಟ್ಟನ್ನೇ ಉದ್ದೇಶಿಸಿ ಇನ್ನೊಂದು ಅವಕಾಶ ಕೊಡೆಂದು ಆತ ಸಾಲೊಂದನ್ನು ಬರೆದುಕೊಂಡ. ಅದರಲ್ಲಿ ದೂರಿಲ್ಲ, ಹೆಸರಿಲ್ಲ. ಆಮೇಲೆ ವಿದರ್ಭ. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಫೈನಲ್‌ಗೆ ಮುಂಚೆ ಅವನು ಮಾಡಿದ ರನ್ 752, ಔಟಾದದ್ದು ಒಂದೇ ಸಲ. 'ನೋಡ್ದಾ, ಬುಟ್ಟು ಕೆಟ್ರು' ಎಂದು ಅವನ ಪರದವರು ಎದ್ದು ನಿಂತರು. ಫೈನಲ್ ಯಾರ ಮೇಲೆ? ಕರ್ನಾಟಕದ ಮೇಲೆ. 2025ರ ಜನವರಿ 18ರಂದು ವಡೋದರದಲ್ಲಿ ಕರುಣ್ 27ಕ್ಕೆ ಔಟಾದ, ಕರ್ನಾಟಕದ ಆರ್. ಸ್ಮರಣ್ ಶತಕ ಹೊಡೆದ, ತಂಡ 36 ರನ್ನಿನಿಂದ ಗೆದ್ದಿತು. ಎದ್ದವರು ಕೂತರು. ಮರುತಿಂಗಳು ರಣಜಿ ಫೈನಲ್‌ನಲ್ಲಿ ಕೇರಳದ ಮೇಲೆ ಕರುಣ್ ಶತಕ, ವಿದರ್ಭಕ್ಕೆ ಟ್ರೋಫಿ. ಕೂತವರು ಮತ್ತೆ ಎದ್ದರು.

2025ರ ಋತುವಿಗೆ ಕರುಣ್ ಕರ್ನಾಟಕಕ್ಕೇ ವಾಪಸಾದ. ವಯಸ್ಸು ಮೂವತ್ನಾಲ್ಕರ ಹತ್ತಿರ. ಹುಡುಗರ ಜಾಗಕ್ಕೆ ಅಡ್ಡ ಬಂದ ಎಂದು ಒಂದು ಕಡೆ, ನಮ್ಮವನು ನಮ್ಮನೆಗೆ ಬಂದ ಎಂದು ಇನ್ನೊಂದು ಕಡೆ. ಬೆಂಚು ಮತ್ತೆ ಎರಡು ಭಾಗವಾಯಿತು. ನವೆಂಬರಿನಲ್ಲಿ ಕೇರಳದ ಮೇಲೆ ಅವರದೇ ನೆಲದಲ್ಲಿ ಅವನು 233 ಹೊಡೆದ. ಇನ್ನೊಂದು ತುದಿಯಲ್ಲಿದ್ದು 220 ಹೊಡೆದು ಔಟಾಗದೆ ಉಳಿದವನು ಸ್ಮರಣ್.